ಮಣ್ಣೆತ್ತು, ಆಕಾಶಬುಟ್ಟಿ, ಕೂಸಿನ ಕೌದಿ: ಹಂಗಾಮು ನೋಡಿ ಮಾಡುವ ಕೈಕೆಲಸ

ಮೊದಲ ಸಲ ಕೈಕೆಲಸಕ್ಕೆ ಕೂತವರು ಕೆಟ್ಟದ್ದಕ್ಕೆಲ್ಲ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಬಹಳ ಸಲ ತಪ್ಪು ಹವೆಯದು. ಜೂನ್ ಕೊನೆಗೆ ಬೆಳಗಾವಿ, ಖಾನಾಪುರದ ಕಡೆ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಮಣ್ಣಿನ ಗೊಂಬೆ ವಾರವಾದರೂ ಹಸಿಯೇ. ಅದೇ ದಿನಗಳಲ್ಲಿ ವಿಜಯಪುರದ ಗಾಳಿಗೆ ಮುಂಜಾನೆ ಮಾಡಿಟ್ಟದ್ದು ಸಂಜೆಯೊಳಗೆ ಬಿರಿದಿರುತ್ತದೆ. ಹೀಗಾಗಿ ಇಲ್ಲಿ ಹೇಳುವ ಮೂರೂ ಕೆಲಸ ಹಂಗಾಮಿಗೆ ಕಟ್ಟುಬಿದ್ದವು: ಮುಂಗಾರಿಗೆ ಮಣ್ಣೆತ್ತು, ದೀಪಾವಳಿಗೆ ಆಕಾಶಬುಟ್ಟಿ, ಬೇಸಿಗೆಗೆ ಕೌದಿ, ಅಂದರೆ ಹಳೆಯ ಬಟ್ಟೆ ಪದರ ಪದರವಾಗಿ ಹೊಲಿದ ಹೊದಿಕೆ. ಯಾವುದಕ್ಕೂ ಯಂತ್ರ ಬೇಡ, ಭಟ್ಟಿ ಬೇಡ.

ಮಣ್ಣೆತ್ತು

ಮಣ್ಣೆತ್ತಿನ ಅಮಾವಾಸ್ಯೆ ಜ್ಯೇಷ್ಠದ ಕೊನೆಗೆ, ಕಾರಹುಣ್ಣಿಮೆಯಾದ ಹದಿನೈದು ದಿನಕ್ಕೆ ಬರುತ್ತದೆ. ಪೂಜೆಗಷ್ಟೇ ಸಾಕೆಂದರೆ ಅಮಾವಾಸ್ಯೆ ದಿನ ಮುಂಜಾನೆ ಮಾಡಿ ಹಸಿಯಾಗಿಯೇ ದೇವರ ಜಗಲಿ ಮೇಲೆ ಇಡಬಹುದು. ಮುಂದೆಯೂ ಉಳಿಯಬೇಕು, ಮಕ್ಕಳು ಆಡಬೇಕು ಅಂದರೆ ಹುಣ್ಣಿಮೆಯ ಮರುದಿನವೇ ಮಣ್ಣು ತನ್ನಿ.

ನಮ್ಮ ಕಡೆ ಸಿಗುವುದು ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಅಷ್ಟೇ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಕೈ ತೂರುವಷ್ಟು ಬಾಯಿ ಬಿಡುವುದು ಇದರಿಂದಲೇ. ಬರೀ ಎರಿ ಮಣ್ಣಿನಲ್ಲಿ ಮಾಡಿದ ಎತ್ತೂ ಹೊಲದ ಹಾಗೇ ಬಾಯಿ ಬಿಡುತ್ತದೆ. ಅದಕ್ಕೆ ಉಸುಕು, ಹತ್ತಿ ಎರಡೂ ಬೇಕು. ಉಸುಕು ಕುಗ್ಗುವುದನ್ನು ಕಡಿಮೆ ಮಾಡುತ್ತದೆ, ಹತ್ತಿಯ ಎಳೆ ಬಿರುಕು ಮುಂದೆ ಓಡದಂತೆ ಹಿಡಿಯುತ್ತದೆ.

ಒಂದು ಜೋಡಿ ಎತ್ತು, ಅದರ ಮುಂದೆ ಇಡುವ ಗ್ವಾದಲಿ (ಮೇವಿನ ತೊಟ್ಟಿ), ಇಷ್ಟಕ್ಕೆ ಬೇಕಾದದ್ದು: ಒಣಗಿಸಿ ಕುಟ್ಟಿ ಸಾಣಿಸಿದ ಎರಿ ಮಣ್ಣು 2 ಕಿಲೊ, ಸಣ್ಣ ಉಸುಕು ಅರ್ಧ ಕಿಲೊ, ಹಿಂಜಿದ ಹತ್ತಿ ಒಂದು ಹಿಡಿ, ನೀರು ಸುಮಾರು ಮುಕ್ಕಾಲು ಲೀಟರ್. ಮಣ್ಣನ್ನು ಹೊಲದ ಮೇಲ್ಪದರದಿಂದ ತೆಗೆಯಬೇಡಿ, ಅಲ್ಲಿ ಬೇರು, ಗೊಬ್ಬರ ಇರುತ್ತದೆ. ಒಂದಡಿ ಕೆಳಗಿನದು ಒಳ್ಳೆಯದು. ಖಾನಾಪುರದ ಕಡೆಯವರಿಗೆ ಕುಂಬಾರರ ಮಣ್ಣೇ ಸಿಕ್ಕರೆ ಉಸುಕು ಅರ್ಧಕ್ಕರ್ಧ ಇಳಿಸಿ; ಆ ಮಣ್ಣು ಎರಿಯಷ್ಟು ಕುಗ್ಗುವುದಿಲ್ಲ.

ನೀರನ್ನು ಒಮ್ಮೆಲೇ ಸುರಿಯದೆ ಚಿಮುಕಿಸುತ್ತ ಕಲಸಿ, ಒದ್ದೆ ಗೋಣಿ ತಟ್ಟು ಮುಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಹತ್ತಿ ಸೇರಿಸಿ ಕಲ್ಲಿನ ಮೇಲೆ ಇಪ್ಪತ್ತು ನಿಮಿಷ ಬಡಿದು ನಾದಬೇಕು. ಈ ಇಪ್ಪತ್ತು ನಿಮಿಷದಲ್ಲಿ ಕಳ್ಳಾಟ ನಡೆಯುವುದಿಲ್ಲ. ಒಳಗೆ ಗಂಟು, ಗಾಳಿ ಉಳಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಹದ ಬಂತೋ ಇಲ್ಲವೋ ನೋಡಲು ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ತೋರುಬೆರಳಿಗೆ ಸುತ್ತಿ. ಸುತ್ತುವಾಗ ತುಂಡಾದರೆ ನೀರು ಕಡಿಮೆ, ಅಂಗೈಗೆ ಅಂಟಿದರೆ ಹೆಚ್ಚು.

ಮೈಗೆ ಒಂದು ದೊಡ್ಡ ಮುಷ್ಟಿ, ಅಂದರೆ 300 ಗ್ರಾಂ ಮಣ್ಣು. ನಾಲ್ಕು ಇಂಚು ಉದ್ದ, ಎರಡು ಇಂಚು ದಪ್ಪದ ಮುದ್ದೆ ಮಾಡಿ. ಕುತ್ತಿಗೆ, ತಲೆ, ಹೆಗಲ ಮೇಲಿನ ಡುಬ್ಬ, ಇವನ್ನು ಬೇರೆ ಮಾಡಿ ಅಂಟಿಸದೆ ಅದೇ ಮುದ್ದೆಯಿಂದ ಎಳೆದು, ಹಿಸುಕಿ ಎಬ್ಬಿಸಿ. ಬೆಸುಗೆ ಕಡಿಮೆಯಾದಷ್ಟೂ ಮುರಿಯುವ ಜಾಗ ಕಡಿಮೆ. ಕಾಲು ಹೆಬ್ಬೆರಳ ದಪ್ಪ, ಎರಡು ಇಂಚು ಉದ್ದ. ತೆಳ್ಳಗೆ, ಚೆಂದಗೆ ಮಾಡುವ ಆಸೆ ಮೊದಲ ಸಲಕ್ಕೆ ಬೇಡ.

ಕಾಲಿಗೆ ಬಲ ಬರಲೆಂದು ಹೊಸಬರು ಬಿದಿರು ಕಡ್ಡಿ ಚುಚ್ಚುತ್ತಾರೆ. ಅದೇ ಎತ್ತನ್ನು ಕೆಡಿಸುತ್ತದೆ. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ. ಮೂರನೆಯ ದಿನಕ್ಕೆ ಕಾಲು ಉದ್ದಕ್ಕೂ ಸೀಳುತ್ತದೆ. ಅದರ ಬದಲು ಒಣ ಜೋಳದ ಕಣಕಿಯ (ದಂಟಿನ) ಸಿಪ್ಪೆ ಸುಲಿದು ಒಳಗಿನ ಬೆಂಡು ತೆಗೆದು, ಒಂದೂವರೆ ಇಂಚಿನ ತುಂಡು ಮಾಡಿ. ಅರ್ಧ ಕಾಲಿನೊಳಗೆ, ಅರ್ಧ ಮೈಯೊಳಗೆ ಹೋಗುವಂತೆ ಇಡಿ. ಬೆಂಡು ಮೆತ್ತಗಿರುವುದರಿಂದ ಮಣ್ಣಿನ ಜೊತೆ ತಾನೂ ಅದುಮಿಕೊಳ್ಳುತ್ತದೆ. ಕೂಡಿಸುವ ಎರಡೂ ಕಡೆ ಸೂಜಿಯಿಂದ ಗೀರು ಹಾಕಿ, ನೀರಲ್ಲಿ ಕದಡಿದ ಅದೇ ಮಣ್ಣಿನ ರಾಡಿ ಹಚ್ಚಿ, ಒತ್ತಿ, ಸಂದನ್ನು ಬೆರಳಿನಿಂದ ಒರೆಸಿ ಮುಚ್ಚಬೇಕು. ಬರೀ ನೀರು ಹಚ್ಚಿ ಅಂಟಿಸಿದ ಕಾಲು ಒಣಗಿದ ಮೇಲೆ ತಾನೇ ಕಳಚಿಕೊಳ್ಳುತ್ತದೆ.

ಕೋಡಿನಲ್ಲಿ ಎತ್ತಿನ ಚೆಂದ. ಈ ಸೀಮೆಯ ಖಿಲಾರಿ ಎತ್ತನ್ನು ನೋಡಿದವರಿಗೆ ಹೇಳಬೇಕಿಲ್ಲ: ಉದ್ದ ಕೋಡು, ಹಿಂದಕ್ಕೆ ಬಾಗಿ ತುದಿಗೆ ಮೇಲೇಳುತ್ತದೆ. ಬುಡ ದಪ್ಪ ಇರಲಿ. ಬಾಲವನ್ನು ಗಾಳಿಯಲ್ಲಿ ಬಿಡದೆ ತೊಡೆಗೆ ಅಂಟಿಸಿ. ಹೊಟ್ಟೆಯ ಕೆಳಗೆ ಮುದುಡಿದ ಕಾಗದದ ಉಂಡೆ ಇಟ್ಟರೆ ಭಾರ ಹಸಿ ಕಾಲಿನ ಮೇಲೆ ಬೀಳುವುದಿಲ್ಲ.

ಕಣ್ಣಿಗೆ ಗುಲಗಂಜಿ ಒತ್ತುವ ರೂಢಿ ಇದೆ, ಕೆಂಪು-ಕಪ್ಪು ನೋಡಲು ಚೆಂದವೂ ಹೌದು. ಆದರೆ ಅದು ವಿಷದ ಬೀಜ; ಅಗಿದು ನುಂಗಿದರೆ ಜೀವಕ್ಕೇ ಕುತ್ತು. ಸಣ್ಣ ಮಕ್ಕಳಿರುವ ಮನೆಯಲ್ಲಿ ಜೋಳದ ಕಾಳು ಸಾಕು. ಕಾಳನ್ನು ಮಾಡಿದ ದಿನವೇ ಒತ್ತಬೇಡಿ, ತೇವಕ್ಕೆ ಉಬ್ಬಿ ಉದುರುತ್ತದೆ. ಎರಡನೆಯ ದಿನ, ಉಗುರು ಊರಿದರೆ ಗುರುತು ಮೂಡುವಷ್ಟು ಮಾತ್ರ ಮೆತ್ತಗಿದ್ದಾಗ ಒತ್ತಿ.

ಒಣಗಿಸುವಾಗ ಬಿಸಿಲು ತೋರಿಸಬಾರದು. ಮೇಲ್ಪದರ ಮೊದಲು ಕುಗ್ಗಿ ಒಳಗಿನ ಹಸಿ ಮಣ್ಣನ್ನು ಬಿಗಿಯುತ್ತದೆ, ಬಿರಿಯುವುದು ಆಗಲೇ. ನೆರಳಲ್ಲಿ, ಹಿಂಡಿದ ಒದ್ದೆ ಬಟ್ಟೆ ಹೊದಿಸಿ ಇಡಿ. ವಿಜಯಪುರ, ಬಾಗಲಕೋಟೆಯಲ್ಲಿ ಎರಡು ದಿನ ಬಟ್ಟೆ ಇರಲಿ. ಬೆಳಗಾವಿಯಲ್ಲಿ ಒಂದು ರಾತ್ರಿ ಸಾಕು, ಮಳೆ ಬಿಡದಿದ್ದರೆ ಮೂರನೆಯ ದಿನದಿಂದ ದೂರದ ಫ್ಯಾನಿನ ಗಾಳಿ ಕೊಡಿ. ದಿನಕ್ಕೊಮ್ಮೆ ಮಗ್ಗಲು ಬದಲಿಸಿ. ಐದಾರು ದಿನಕ್ಕೆ ಬಣ್ಣ ಪೂರ್ತಿ ತಿಳಿಯಾಗಿ, ಕೆನ್ನೆಗೆ ತಾಗಿಸಿದರೆ ತಂಪು ಹತ್ತದಿದ್ದರೆ ಒಣಗಿದೆ ಎಂದರ್ಥ.

ಅರೆಹಸಿ ಇದ್ದಾಗ ಕಂಡ ಬಿರುಕನ್ನು ಹತ್ತಿ ಕಲಸಿದ ರಾಡಿಯಿಂದ ತುಂಬಬಹುದು. ಪೂರ್ತಿ ಒಣಗಿದ ಮೇಲೆ ಹಸಿ ಮಣ್ಣು ತುಂಬಿದರೆ ಅದು ಮಾತ್ರ ಕುಗ್ಗಿ ಉದುರುತ್ತದೆ. ಆಗ ಕಟ್ಟಿಗೆಗೆ ಹಚ್ಚುವ ಬಿಳಿ ಅಂಟಿಗೆ ಒಣ ಮಣ್ಣಿನ ಪುಡಿ ಕಲಸಿ ತುಂಬಿ. ಕಾಲು ಮುರಿದೇ ಹೋಯಿತೋ, ಎಸೆಯಬೇಡಿ. ಮಕ್ಕಳು ಮನೆ ಮನೆಗೆ ಹೊತ್ತೊಯ್ದು ಕಾಳು ಬೇಡುವುದು ಕುಂಟೆತ್ತನ್ನೇ.

ಬಣ್ಣ ಬೇಕೆಂದರೆ ಒಂದು ಪಾಲು ಸುಣ್ಣಕ್ಕೆ ನಾಲ್ಕು ಪಾಲು ನೀರು, ಒಂದು ಚಮಚ ಅಂಟು. ತೆಳ್ಳಗೆ ಎರಡು ಸಲ, ಮೊದಲಿನದು ಒಣಗಿದ ಮೇಲೆ ಎರಡನೆಯದು. ಸುಡದ ಮಣ್ಣಾದ್ದರಿಂದ ಬ್ರಶ್ಶನ್ನು ಒಂದೇ ಜಾಗದಲ್ಲಿ ತಿಕ್ಕಿದರೆ ಮೈ ಕರಗುತ್ತದೆ. ಸುಣ್ಣ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಈ ಕೆಲಸ ದೊಡ್ಡವರದು. ಉಳಿದ ಮಣ್ಣನ್ನು ಒದ್ದೆ ಗೋಣಿಯಲ್ಲಿ ಕಟ್ಟಿಡಿ: ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನ ಮೂರ್ತಿಗೆ ಬೇಕಾಗುತ್ತದೆ, ಶ್ರಾವಣದಲ್ಲಿ ನಾಗಪ್ಪನ ಮೂರ್ತಿಗೂ.

ಆಕಾಶಬುಟ್ಟಿ

ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ನಕ್ಷತ್ರಕ್ಕಿಂತ ಕಡ್ಡಿಯಿಂದ ಕಟ್ಟಿದ ಹಳೆಯ ಆಕಾರವೇ ಹೊಸಬರಿಗೆ ಸುಲಭ, ಯಾಕೆಂದರೆ ಎಲ್ಲ ಕಡ್ಡಿಯೂ ಒಂದೇ ಅಳತೆ. ಬಿದಿರಿನ ಸಪೂರ ಕಡ್ಡಿ, 9 ಇಂಚಿನವು 24. ನಾಲ್ಕು ನಾಲ್ಕು ಕೂಡಿಸಿ, ತುದಿಯಿಂದ ಅರ್ಧ ಇಂಚು ಒಳಗೆ ದಾರ ಸುತ್ತಿ ಕಟ್ಟಿದರೆ 8 ಇಂಚಿನ ಆರು ಚೌಕ ಆಗುತ್ತವೆ.

ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಅಂದರೆ ಶಂಕರಪೋಳಿಯ ಆಕಾರದಲ್ಲಿ, ಪಕ್ಕದ ಮೂಲೆಗಳನ್ನು ಒಂದಕ್ಕೊಂದು ಕಟ್ಟಿ ಸುತ್ತು ಮಾಡಿ. ಐದನೆಯ ಚೌಕದ ನಾಲ್ಕು ಮೂಲೆ ಆ ನಾಲ್ಕರ ಮೇಲಿನ ತುದಿಗೆ, ಆರನೆಯದು ಕೆಳಗಿನ ತುದಿಗೆ. ನಡುವೆ ಎಂಟು ತ್ರಿಕೋನ ತಾವಾಗಿಯೇ ಮೂಡುತ್ತವೆ.

ಇಷ್ಟಾದ ಮೇಲೆ ಕೈಬಿಟ್ಟು ನೋಡಿ, ಬುಟ್ಟಿ ತಿರುಚಿಕೊಂಡು ಕುಸಿಯುತ್ತದೆ. ಕಟ್ಟು ಸಡಿಲವಾಯಿತೆಂದು ಬಿಚ್ಚಿ ಮತ್ತೆ ಕಟ್ಟುವವರೇ ಹೆಚ್ಚು. ಗಂಟಿನದೇನೂ ತಪ್ಪಿಲ್ಲ. ಚೌಕ ಓರೆಯಾಗಬಲ್ಲದು, ತ್ರಿಕೋನ ಆಗಲಾರದು. ಮೇಲಿನ, ಕೆಳಗಿನ ಚೌಕಗಳಿಗೆ ಮೂಲೆಯಿಂದ ಮೂಲೆಗೆ ಒಂದೊಂದು ಅಡ್ಡಕಡ್ಡಿ ಕಟ್ಟಿ, ಪಕ್ಕದ ನಾಲ್ಕು ಚೌಕಕ್ಕೆ ಹಾಳೆ ಬಿಗಿಯಾಗಿ ಅಂಟಿಸಿದ ಮೇಲೆ ಬುಟ್ಟಿ ಗಟ್ಟಿ ನಿಲ್ಲುತ್ತದೆ. ಈ ಕಡ್ಡಿ 12 ಇಂಚಿಗಿಂತ ತುಸು ಉದ್ದ ಇರಲಿ, ಗಂಟಿನಿಂದ ಗಂಟಿಗೆ ಸುಮಾರು ಹನ್ನೊಂದೂಕಾಲು ಇಂಚು ಬರುತ್ತದೆ, ಮಿಕ್ಕದ್ದು ಹೊರಗೆ. ಬಲ್ಬ್ ಜೋತು ಬಿಡಲೂ ಮೇಲಿನದೇ ಆಧಾರ.

ಅಂಟಿಗೆ ಎರಡು ಚಮಚ ಮೈದಾವನ್ನು ಒಂದು ಬಟ್ಟಲು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವವರೆಗೆ ತಿರುವಿ. ಪತಂಗದ ಹಾಳೆ ಮೂರು ತಾವು ಬೇಕು: ಒಂದರಲ್ಲಿ 9 ಇಂಚಿನ ನಾಲ್ಕು ಚೌಕ, ಇನ್ನೊಂದರಲ್ಲಿ ಎಂಟು ತ್ರಿಕೋನ, ಮೂರನೆಯದು ಬಾಲಕ್ಕೆ. ಮೇಲಿನ, ಕೆಳಗಿನ ಚೌಕ ಖಾಲಿ ಬಿಡಬೇಕು, ಬಿಸಿ ಗಾಳಿ ಹೊರಗೆ ಹೋಗಲು. ಅಂಟನ್ನು ಕಡ್ಡಿಗೆ ಹಚ್ಚಿ, ಹಾಳೆಗೆ ಹಚ್ಚಬೇಡಿ. ತೆಳು ಹಾಳೆ ನೆನೆದು ಹರಿಯುತ್ತದೆ. ಹಾಳೆ ಸ್ವಲ್ಪ ಜೋಲಾಗಿ ಅಂಟಿತೇ? ಎಲ್ಲ ಒಣಗಿದ ಮೇಲೆ ಬಾಯಿಂದ ಸಣ್ಣಗೆ ನೀರು ಉಗ್ಗಿದರೆ ಆರುವಾಗ ತಾನೇ ಬಿಗಿಯುತ್ತದೆ. ಬಣ್ಣ ಬಿಡುವ ಹಾಳೆಗೆ ಇದು ಬೇಡ, ಮೊದಲು ಒಂದು ತುಂಡಿನ ಮೇಲೆ ಪರೀಕ್ಷಿಸಿ.

ಬಲ್ಬ್ 5 ವ್ಯಾಟಿನ ಎಲ್‌ಇಡಿ ಮಾತ್ರ. ಹಣತೆಯಾಗಲಿ, ಹಳೆಯ ತಂತಿಯ ಬಲ್ಬಾಗಲಿ ಒಳಗಿಟ್ಟರೆ ಹಾಳೆಗೆ ಬೆಂಕಿ. ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ಚೂರುಗಳಿದ್ದರೆ ಅರ್ಧ ಇಂಚಿನ ಪಟ್ಟಿ ಕತ್ತರಿಸಿ ಕಡ್ಡಿಗಳ ಮೇಲೆ ಅಂಟಿಸಿ, ಗಂಟುಗಳೆಲ್ಲ ಮುಚ್ಚುತ್ತವೆ.

ಕೂಸಿನ ಕೌದಿ

ದೊಡ್ಡ ಕೌದಿಗೆ ಮೊದಲೇ ಕೈ ಹಾಕಿದವರು ಅರ್ಧಕ್ಕೆ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. 30 ಇಂಚು ಅಗಲ, 40 ಇಂಚು ಉದ್ದದ್ದು ಮಾಡಿ. ಮುಕ್ಕಾಲು ಇಂಚಿಗೊಂದು ಸಾಲಿನಂತೆ ಸುಮಾರು ನಲವತ್ತು ಸಾಲು. ಸಾಲಿಗೆ ಇಪ್ಪತ್ತು ನಿಮಿಷ ಹಿಡಿದರೂ ದಿನಕ್ಕೆ ಒಂದು ತಾಸು ಕೂತು ಹದಿನಾಲ್ಕು ದಿನದಲ್ಲಿ ಮುಗಿಯುತ್ತದೆ.

ನಾಲ್ಕು ಪದರ: ಕೆಳಗೆ ಹಳೆಯ ಹತ್ತಿ ಸೀರೆಯ ಅಖಂಡ ತುಂಡು, 32 ಇಂಚಿಗೆ 42, ನಡುವೆ ಹಳೆಯ ಧೋತರದ ಎರಡು ಪದರ, ಮೇಲೆ ಬಣ್ಣದ ತುಂಡುಗಳು. ಐದು ಪದರ ದಾಟಿದರೆ ಸೂಜಿ ಬಾಗುತ್ತದೆ, ಬೆರಳು ನೋಯುತ್ತದೆ. ಎಲ್ಲ ಬಟ್ಟೆಯನ್ನೂ ಮೊದಲು ಬಿಸಿನೀರಲ್ಲಿ ತೊಳೆದು ಬೇಸಿಗೆ ಬಿಸಿಲಿಗೆ ಒಣಗಿಸಿ. ಹೊಸ ಹತ್ತಿ ತುಂಡನ್ನು ತೊಳೆಯದೆ ಸೇರಿಸಿದರೆ ಮೊದಲ ಒಗೆತಕ್ಕೆ ಅದೊಂದೇ ಕುಗ್ಗಿ ಸುತ್ತಲಿನದನ್ನೆಲ್ಲ ಎಳೆದುಕೊಳ್ಳುತ್ತದೆ. ಪಾಲಿಸ್ಟರ್ ತುಂಡೂ ಬೇಡ, ಅದು ಕುಗ್ಗದೆ ಉಬ್ಬಿ ನಿಲ್ಲುತ್ತದೆ, ಕೂಸಿಗೆ ಸೆಕೆಯೂ ಹೌದು. ಗಾಢ ಕೆಂಪು, ನೀಲಿ ಬಟ್ಟೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ. ಬಣ್ಣ ಹತ್ತಿದರೆ ಬೇರೆ ಹುಡುಕಿ.

ನೆಲದ ಮೇಲೆ ಕೆಳಗಿನ ಸೀರೆ ಹಾಸಿ, ನಾಲ್ಕು ಮೂಲೆಗೆ ಭಾರ ಇಟ್ಟು ಬಿಗಿಯಾಗಿ ಎಳೆದುಕೊಳ್ಳಿ. ಮೇಲಿನ ಪದರಗಳನ್ನು ಹಾಸಿ, ನಡುವಿನಿಂದ ಅಂಚಿನ ಕಡೆಗೆ ಆರಾರು ಇಂಚಿಗೆ ಒಂದರಂತೆ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟವರ ಕೌದಿಯ ಕೆಳಭಾಗದಲ್ಲಿ ನೆರಿಗೆ ಬಿದ್ದಿರುತ್ತದೆ, ಮುಗಿಸಿ ತಿರುವಿ ನೋಡುವವರೆಗೆ ಗೊತ್ತೇ ಆಗುವುದಿಲ್ಲ. ಕೆಳಗಿನ ಸೀರೆಯ ಹೆಚ್ಚುವರಿ ಒಂದು ಇಂಚನ್ನು ಎರಡು ಮಡಿಕೆ ಮಾಡಿ ಮೇಲಕ್ಕೆ ತಂದು ಅಂಚು ಕಟ್ಟಿ.

ದಪ್ಪ ಹತ್ತಿ ದಾರ, ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ಉದ್ದ ಸಾಕು, ಉದ್ದವಾದರೆ ಸಿಕ್ಕಾಗುತ್ತದೆ. ಮೇಣದಬತ್ತಿಗೆ ಒಮ್ಮೆ ಎಳೆದುಕೊಂಡರೆ ನುಣುಪಾಗಿ ಓಡುತ್ತದೆ. ಟಾಕಿ, ಅಂದರೆ ಒಂದೊಂದು ಹೊಲಿಗೆ, ಕಾಲು ಇಂಚಿನದು, ಸಮ ಬರಲೆಂದು ಸೀಮೆಸುಣ್ಣದಿಂದ ಗೆರೆ ಎಳೆದುಕೊಳ್ಳಿ. ಸೂಜಿ ಕೆಳಗಿನ ಪದರ ಮುಟ್ಟಿತೋ ಇಲ್ಲವೋ ಎಂಬುದನ್ನು ಎಡಗೈ ಬೆರಳು ಕೆಳಗಿಟ್ಟುಕೊಂಡು ನೋಡಬೇಕು. ದಾರವನ್ನು ಬಿಗಿದು ಎಳೆಯಬೇಡಿ. ಪ್ರತಿ ಸಾಲು ಮುಗಿದ ಮೇಲೆ ಅಂಗೈಯಿಂದ ಸವರಿದರೆ ಸುಕ್ಕು ಬಿಡುತ್ತದೆ. ಗಂಟನ್ನು ಪದರದ ಒಳಗೆ ಎಳೆದು ಅಡಗಿಸಿ, ಹೊರಗಿದ್ದರೆ ಕೂಸಿನ ಮೈಗೆ ಒತ್ತುತ್ತದೆ.

ಸೀರೆಯ ಸೆರಗು, ಅಂಚು ಉಳಿದಿರುತ್ತದಲ್ಲ, ಅದನ್ನು ನಾಲ್ಕು ಇಂಚಿನ ಪಟ್ಟಿ ಹರಿದು ಮೂರೆಳೆ ಜಡೆ ಹೆಣೆಯಿರಿ. ಎರಡು ಮೀಟರ್ ಜಡೆಯನ್ನು ಆರು ಇಂಚಿನ ಬಳೆಯ ಹಾಗೆ ಸುತ್ತಿ, ಸುತ್ತು ಸುತ್ತಿಗೂ ದಬ್ಬಣದಿಂದ ಹೊಲಿದರೆ ಬಿಸಿ ಪಾತ್ರೆ ಇಡುವ ಸಿಂಬಿ ತಯಾರು. ಇದಕ್ಕೂ ಹತ್ತಿಯದೇ ಬೇಕು. ನೈಲಾನ್ ಸೀರೆಯಾದರೆ ಬಿಸಿ ಪಾತ್ರೆಯ ತಳಕ್ಕೆ ಕರಗಿ ಅಂಟುತ್ತದೆ.