ಎಳೆತದಲ್ಲಿ ನಡುಗುವ ಸೆಕೆಂಡ್ ಹ್ಯಾಂಡ್ ಕಾರು: ಏಳರ ಭಾಗಾಕಾರದಲ್ಲಿ ಸಿಕ್ಕಿದ ಇನ್ನರ್ ಜಾಯಿಂಟ್

ಗೇರ್‌ಬಾಕ್ಸ್ ಇಳಿಸದೆ ನನ್ನ ಸೆಕೆಂಡ್ ಹ್ಯಾಂಡ್ ಕಾರಿನ ನಡುಕ ಸರಿಹೋಗುವುದಿಲ್ಲ ಎಂದವರೇ ಹೆಚ್ಚು. ಗೇರ್‌ಬಾಕ್ಸ್ ಇಳಿಸಲಿಲ್ಲ. ಅದು ಕಾರ್ಖಾನೆಯಿಂದ ಬಂದ ಹಾಗೇ ಕೂತಿದೆ, ಕಾರು ನೂರರಲ್ಲೂ ತಣ್ಣಗೆ ಓಡುತ್ತಿದೆ. ಕೊನೆಗೆ ಬೇಕಾಗಿದ್ದು ಒಂದು ಇನ್ನರ್ ಸಿವಿ ಜಾಯಿಂಟ್ (ಗಾಲಿಗೆ ಬಲ ಒಯ್ಯುವ ಡ್ರೈವ್ ಶಾಫ್ಟಿನ ಒಳತುದಿಯ ಕೀಲು), ಅದರ ರಬ್ಬರ್ ಮುಸುಕಾದ ಬೂಟಿನ ಕಿಟ್, ಒಂದು ಆಯಿಲ್ ಸೀಲ್, ಒಂದಿಷ್ಟು ಗೇರ್ ಆಯಿಲ್. ಗೇರ್‌ಬಾಕ್ಸ್ ಕೆಲಸಕ್ಕೆ ಕೊಟ್ಟಿದ್ದ ಎಸ್ಟಿಮೇಟಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆಯಲ್ಲಿ ಮುಗಿಯಿತು. ಫೋನ್ ಹಿಡಿದುಕೊಂಡು ಕಾರಿನ ರೋಗ ಹುಡುಕುತ್ತೇನೆ ಅಂದಾಗ ತಲೆ ಅಲ್ಲಾಡಿಸಿದವರು ಬಹಳ ಜನ. ಅವರಿಗೂ ಉಪಯೋಗವಾಗಲಿ ಎಂದೇ ಬರೆಯುತ್ತಿದ್ದೇನೆ.

ಫ್ರಂಟ್ ವೀಲ್ ಡ್ರೈವ್ ಕಾರು, ನಾಲ್ಕು ಸಿಲಿಂಡರ್ ಪೆಟ್ರೋಲ್, ಐದು ಗೇರಿನ ಮ್ಯಾನ್ಯುವಲ್, ಓಡಿದ್ದು ಲಕ್ಷ ಕಿಲೋಮೀಟರಿನ ಹತ್ತಿರ. ಟೈರ್ 185/65 ಆರ್15. ತೊಂದರೆ ಎರಡು ಬಗೆಯದು. ಎಪ್ಪತ್ತೈದರಿಂದ ತೊಂಬತ್ತರ ಒಳಗೆ ಆಕ್ಸಿಲರೇಟರ್ ಒತ್ತಿದರೆ ನೆಲದಿಂದ, ಸೀಟಿನ ಅಡಿಯಿಂದ ನಡುಕ ಏಳುತ್ತಿತ್ತು. ಕಾಲು ತೆಗೆದ ಕೂಡಲೇ ನಿಲ್ಲುತ್ತಿತ್ತು. ಸ್ಟೀರಿಂಗಿಗೆ ಅದು ಅಷ್ಟಾಗಿ ಬರುತ್ತಿರಲಿಲ್ಲ. ಇನ್ನೊಂದು, ಐವತ್ತು ದಾಟಿದ ಮೇಲೆ ಗುಂಯ್ ಎನ್ನುವ ಸದ್ದು. ಕಾಲಿಟ್ಟರೂ ತೆಗೆದರೂ ಅದು ಇದ್ದೇ ಇರುತ್ತಿತ್ತು. ನೋಡಿದವರೆಲ್ಲ ಎರಡನ್ನೂ ಒಂದೇ ರೋಗ ಎಂದು ಹಿಡಿದರು. ದುಡ್ಡು ನೀರಿನಂತೆ ಹರಿದಿದ್ದು ಅಲ್ಲಿಂದಲೇ.

ಮೊದಲು ವೀಲ್ ಬ್ಯಾಲೆನ್ಸಿಂಗ್. ಮಾಡಿಸಿದ್ದಾಯಿತು, ಬೇರೆ ಕಡೆ ಮತ್ತೆ ಮಾಡಿಸಿದ್ದೂ ಆಯಿತು. ಬ್ಯಾಲೆನ್ಸಿಂಗ್ ಸರಿಯಿಲ್ಲದಿದ್ದರೆ ಕಾಲು ತೆಗೆದಾಗ ನಡುಕ ಯಾಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಆಮೇಲೆ ಮುಂದಿನ ಎರಡು ಟೈರ್ ಹೊಸದು. ಅದೂ ನಷ್ಟವೇ, ಆದರೆ ಟೈರ್ ಉಳಿಯಿತು. ಆಮೇಲೆ ಇಂಜಿನ್ ಕೂತಿರುವ ರಬ್ಬರ್ ಆಸರೆ, ಅಂದರೆ ಇಂಜಿನ್ ಮೌಂಟಿಂಗ್. ಹಾಕಿದ್ದು ಕಂಪನಿಯದಲ್ಲ, ರಬ್ಬರ್ ಗಟ್ಟಿ. ಎಂಬತ್ತರ ನಡುಕ ಹಾಗೇ ಉಳಿದು, ಸಿಗ್ನಲ್ಲಿನಲ್ಲಿ ನಿಂತಾಗ ಇಲ್ಲದ ಅದುರು ಹೊಸದಾಗಿ ಸೇರಿಕೊಂಡಿತು. ಗುಂಯ್ ಸದ್ದಿನ ಹೆಸರಿನಲ್ಲಿ ಎಡ ಮುಂದಿನ ವೀಲ್ ಬೇರಿಂಗ್ ತೆಗೆಸಿ ಹೊಸದು ಪ್ರೆಸ್ ಹೊಡೆಸಿದ್ದೂ ಆಯಿತು. ಸದ್ದು ಅಲ್ಲಾಡಲಿಲ್ಲ. ಇಷ್ಟರ ಮೇಲೆ ಬಂದಿದ್ದೇ ಗೇರ್‌ಬಾಕ್ಸ್ ಬೇರಿಂಗ್ ಮಾತು. ಇಷ್ಟಕ್ಕೆಲ್ಲ ಸುರಿದ ಹಣದಲ್ಲಿ ಎರಡೂ ಕಡೆಯ ಪೂರ್ತಿ ಡ್ರೈವ್ ಶಾಫ್ಟ್ ಹೊಸದಾಗಿ ಬರುತ್ತಿತ್ತು, ಕೈಯಲ್ಲಿ ಸ್ವಲ್ಪ ಉಳಿಯುತ್ತಲೂ ಇತ್ತು.

ಸದ್ದಿನ ಕಥೆ ಚಿಕ್ಕದು, ಮೊದಲು ಅದನ್ನೇ ಮುಗಿಸುತ್ತೇನೆ. ಖಾಲಿ ಅಗಲ ರಸ್ತೆಯಲ್ಲಿ ಅರವತ್ತರಲ್ಲಿ ನಿಧಾನಕ್ಕೆ ಎಡಕ್ಕೆ, ಬಲಕ್ಕೆ ಎಳೆದೆ. ಎಡಕ್ಕೆ ತಿರುಗಿದರೆ ಭಾರ ಬಲಗಡೆ ಬೀಳುತ್ತದೆ, ಬಲ ಬೇರಿಂಗ್ ಹೋಗಿದ್ದರೆ ಸದ್ದು ಏರಬೇಕು. ಎರಡೂ ಕಡೆ ಒಂದೇ ಸಮ. ನುಣುಪು ಡಾಂಬರಿನಲ್ಲಿ ಸದ್ದು ತಗ್ಗಿತು, ಕಾಂಕ್ರೀಟಿನಲ್ಲಿ ಏರಿತು. ಜಾಕಿ ಹಾಕಿ ಕಾಯಿಲ್ ಸ್ಪ್ರಿಂಗ್ ಮೇಲೆ ಒಂದು ಕೈಯಿಟ್ಟು ಇನ್ನೊಂದು ಕೈಯಲ್ಲಿ ಗಾಲಿ ತಿರುಗಿಸಿದರೆ ಕೆಟ್ಟ ಬೇರಿಂಗಿನ ಒರಟು ಸ್ಪ್ರಿಂಗಿನಲ್ಲೇ ಗೊತ್ತಾಗುತ್ತದೆ, ನಾಲ್ಕೂ ನುಣ್ಣಗಿದ್ದವು. ಹಿಂದಿನ ಟೈರಿನ ಮೇಲೆ ಅಂಗೈ ಸವರಿದಾಗ ಉಬ್ಬು ತಗ್ಗು ಸಿಕ್ಕಿತು. ಹಿಂದಿನದನ್ನು ಮುಂದೆ ಹಾಕಿದೆ, ಸದ್ದು ಮುಂದೆ ಬಂತು. ಹಿಂದಿನ ಶಾಕ್ ಅಬ್ಸಾರ್ಬರ್ ಸತ್ತು ಟೈರ್ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಸವೆದಿತ್ತು, ಅಷ್ಟೇ. ಅಂದು ತೆಗೆಸಿದ ಹಳೆಯ ಬೇರಿಂಗ್ ಇಟ್ಟುಕೊಂಡಿದ್ದೇನೆ, ಕೈಯಲ್ಲಿ ತಿರುಗಿಸಿದರೆ ಈಗಲೂ ರೇಷ್ಮೆ.

ನಡುಕಕ್ಕೆ ಬರುತ್ತೇನೆ.

185/65 ಆರ್15 ಟೈರ್ ಒಂದು ಸುತ್ತಿಗೆ ಸುಮಾರು 1.95 ಮೀಟರ್ ಸಾಗುತ್ತದೆ. ವೇಗವನ್ನು 3.6ರಿಂದ, ಆಮೇಲೆ 1.95ರಿಂದ ಭಾಗಿಸಿದರೆ ಸೆಕೆಂಡಿಗೆ ಗಾಲಿ ಎಷ್ಟು ಸುತ್ತು ಎಂದು ಸಿಗುತ್ತದೆ. ಆ 3.6, 1.95 ಎರಡನ್ನೂ ಗುಣಿಸಿದರೆ ಏಳು ಬರುತ್ತದೆ. ಅಂದರೆ ಈ ಅಳತೆಯ ಟೈರಿಗೆ ವೇಗವನ್ನು ಏಳರಿಂದ ಭಾಗಿಸಿದರೆ ಸಾಕು: ಎಂಬತ್ತಕ್ಕೆ 11.4 ಹರ್ಟ್ಸ್, ಅಂದರೆ ಸೆಕೆಂಡಿಗೆ 11.4 ಸಲ. ವೇಗ ಮಾತ್ರ ಜಿಪಿಎಸ್‌ನದೇ ಇರಲಿ. ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸಬಾರದು, ಹೆಚ್ಚು ತೋರಿಸಬಹುದು ಎಂಬುದು ವಿಶ್ವಸಂಸ್ಥೆಯ 39ನೇ ವಾಹನ ನಿಯಮ. ಹತ್ತು ಶೇಕಡಾ ಮತ್ತು ಅದರ ಮೇಲೆ 4 ಕಿಲೋಮೀಟರಿನವರೆಗೆ ಅದಕ್ಕೆ ಸಲಿಗೆ ಇದೆ. ಸ್ಪೀಡೋಮೀಟರಿನ ಲೆಕ್ಕ ಹಿಡಿದರೆ ಇಡೀ ಹುಡುಕಾಟ ಹಳ್ಳ ಹಿಡಿಯುತ್ತದೆ.

ಫೋನಿನೊಳಗಿನ ನಡುಕ ಅಳೆಯುವ ಸೆನ್ಸರ್ (ಆಕ್ಸಿಲರೋಮೀಟರ್) ಓದಿ ಫ್ರೀಕ್ವೆನ್ಸಿ ಗ್ರಾಫ್ ತೋರಿಸುವ ಆ್ಯಪ್ ಯಾವುದಾದರೂ ಆದೀತು. ಫೋನನ್ನು ಕಪ್ ಹೋಲ್ಡರಿನಲ್ಲಿಟ್ಟರೆ, ಡ್ಯಾಶ್‌ಬೋರ್ಡಿಗೆ ಅಂಟಿಸಿದರೆ ಬರುವುದು ಪ್ಲಾಸ್ಟಿಕ್ಕಿನ ನಡುಕ. ಸೀಟ್ ರೈಲಿನ ಬೋಲ್ಟಿಗೆ ಬಿಗಿಯಾಗಿ ಕಚ್ಚಿಕೊಂಡಿರಬೇಕು. ಅದಕ್ಕೆ ನಾನೇ ಒಂದು ಹಿಡಿಕೆ ಮಾಡಿಕೊಂಡಿದ್ದೇನೆ, ಕೆಲವು ಸಲ ಮುರಿದು ಕೊನೆಗೆ ನಿಂತಿದ್ದು. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗ್ರಾಫ್ ನೋಡಲು ಪಕ್ಕದಲ್ಲಿ ಒಬ್ಬರು ಬೇಕೇ ಬೇಕು, ಓಡಿಸುವವರ ಕಣ್ಣು ರಸ್ತೆಯ ಮೇಲೇ ಇರಬೇಕು.

ಎಂಬತ್ತರಲ್ಲಿ, ಟಾಪ್ ಗೇರಿನಲ್ಲಿ, ಸ್ವಲ್ಪ ಏರಿನಲ್ಲಿ ಎಳೆದಾಗ ಗ್ರಾಫಿನಲ್ಲಿ ದೊಡ್ಡ ಮೊನೆ ಎದ್ದಿದ್ದು 34ರ ಹತ್ತಿರ, ಚಿಕ್ಕದೊಂದು 20ರ ಹತ್ತಿರ. ಇಂಜಿನ್ ಆಗ ನಿಮಿಷಕ್ಕೆ 2400 ಸುತ್ತಿನಲ್ಲಿ, ಅಂದರೆ 40 ಹರ್ಟ್ಸ್. ಮೂವತ್ತನಾಲ್ಕೂ ನಲವತ್ತೂ ಹತ್ತಿರ ಹತ್ತಿರವೇ ಕಾಣುತ್ತವೆ, ಹೀಗಾಗಿಯೇ ಮೌಂಟಿಂಗ್, ಇಂಜಿನ್ ಎಂದು ಜನ ಓಡುವುದು. ಅದೇ ಎಂಬತ್ತರಲ್ಲಿ ನಾಲ್ಕನೇ ಗೇರ್ ಹಾಕಿದೆ. ಇಂಜಿನ್ ಮೂರು ಸಾವಿರಕ್ಕೆ ಏರಿತು, 34ರ ಮೊನೆ ಕದಲಲಿಲ್ಲ. ಮೂರನೇ ಗೇರಿನಲ್ಲೂ ಅಲ್ಲೇ. ಕಾರು ನಿಲ್ಲಿಸಿ ಅದೇ ಆರ್‌ಪಿಎಂಗೆ ರೇಸ್ ಮಾಡಿದರೆ ಏನೂ ಇಲ್ಲ. ಇಂಜಿನ್, ಕ್ಲಚ್, ಫ್ಲೈವೀಲ್ ಮೂರೂ ಪಟ್ಟಿಯಿಂದ ಹೊರಗೆ ಹೋದವು. ನ್ಯೂಟ್ರಲ್ ಮಾಡಿ ಉರುಳಲು ಬಿಟ್ಟಾಗ 34 ಮಾಯ. (ಇಂಜಿನ್ ಆಫ್ ಮಾಡಿ ಉರುಳಿಸಲು ಯಾರೂ ಹೋಗಬೇಡಿ. ಬ್ರೇಕಿಗೆ ಬೂಸ್ಟರಿನ ನೆರವು ಹೋಗುತ್ತದೆ, ಕೀ ಪೂರ್ತಿ ತಿರುಗಿದರೆ ಸ್ಟೀರಿಂಗೇ ಲಾಕ್.)

ಈಗ ಮೂವತ್ತನಾಲ್ಕನ್ನು 11.4ರಿಂದ ಭಾಗಿಸಿ. ಮೂರು. ಗಾಲಿ ಒಂದು ಸುತ್ತು ಸುತ್ತಿದರೆ ಮೂರು ಏಟು, ಅದೂ ಎಳೆತ ಇದ್ದಾಗ ಮಾತ್ರ. ಗಾಲಿಯ ಜೊತೆ ಒಂದೇ ಲೆಕ್ಕದಲ್ಲಿ ತಿರುಗುವ, ಮೂರು ರೋಲರ್ ಇರುವ, ಟಾರ್ಕ್ ಬಿದ್ದಾಗ ಮಾತ್ರ ತಕರಾರು ಮಾಡುವ ಭಾಗ ಮುಂದಿನ ಆಕ್ಸಲಿನಲ್ಲಿ ಒಂದೇ: ಟ್ರೈಪಾಡ್ ಇನ್ನರ್ ಜಾಯಿಂಟ್. ರೋಲರ್ ಓಡುವ ದಾರಿ ಹೌಸಿಂಗಿನೊಳಗೆ (ಜಾಯಿಂಟಿನ ಹೊರಕವಚದೊಳಗೆ) ಸವೆದು ಹಳ್ಳ ಬಿದ್ದರೆ, ಶಾಫ್ಟ್ ಒಳಗೆ ಹೊರಗೆ ಜಾರುವಾಗ ಪ್ರತಿ ಸುತ್ತಿಗೆ ಮೂರು ಸಲ ಅಡ್ಡ ತಳ್ಳುತ್ತದೆ. ಬ್ಯಾಲೆನ್ಸಿಂಗ್ ತಪ್ಪಿದ್ದರೆ ಮೊನೆ 11ರಲ್ಲಿ ಬರಬೇಕಿತ್ತು. ತಿರುವಿನಲ್ಲಿ ಕಟ ಕಟ ಎನ್ನುವುದು ಗಾಲಿಯ ಕಡೆಯ ಔಟರ್ ಜಾಯಿಂಟಿನ ಭಾಷೆ, ಇನ್ನರ್ ಹಾಗೆ ಮಾತಾಡುವುದಿಲ್ಲ. ಕಟಕಟ ಇಲ್ಲ, ಬೂಟ್ ಹರಿದಿಲ್ಲ, ಆದ್ದರಿಂದ ಜಾಯಿಂಟ್ ಚೆನ್ನಾಗಿದೆ ಎಂದು ಎಲ್ಲ ಕಡೆ ಹೇಳಿ ಕಳಿಸಿದ್ದು ಇದೇ ಕಾರಣಕ್ಕೆ.

20ರ ಚಿಕ್ಕ ಮೊನೆ ನನ್ನನ್ನು ಬಹಳ ಸತಾಯಿಸಿತು. ಗಾಲಿಯ ಎರಡರಷ್ಟು ಅಂದರೆ 22.8, ಅದಕ್ಕೆ ಹತ್ತಿರ; ಟೈರ್ ಮೊಟ್ಟೆಯಾಕಾರ ಆಗಿರಬಹುದೇ ಎಂಬ ಅನುಮಾನ. ವೇಗವನ್ನು ಎಂಬತ್ತನಾಲ್ಕಕ್ಕೆ ಏರಿಸಿದಾಗ 34ರದ್ದು ಲೆಕ್ಕದ ಪ್ರಕಾರ 36ಕ್ಕೆ ಏರಿತು. ಈ 20ರದ್ದು 16ಕ್ಕೆ ಇಳಿಯಿತು! ವೇಗ ಏರಿದರೆ ಇಳಿಯುವ ನಡುಕ ಲೋಕದಲ್ಲಿಲ್ಲ. ನನ್ನ ಫೋನ್ ಸೆಕೆಂಡಿಗೆ ನೂರು ಸಲ ಮಾತ್ರ ಓದುತ್ತದೆ, ಐವತ್ತರ ಮೇಲಿನದನ್ನು ಅದು ತಿರುಚಿ ಕೆಳಗೆ ತೋರಿಸುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ, 2400 ಸುತ್ತಿಗೆ 80 ಹರ್ಟ್ಸ್; ನೂರರಿಂದ ಕಳೆದರೆ 20. ವೇಗ ಏರಿ ಅದು 84 ಆದಾಗ ಫೋನಿನಲ್ಲಿ 16. ಫೋನ್ ಹಿಡಿದು ಹುಡುಕುವವರು ಇದೊಂದನ್ನು ಬರೆದಿಟ್ಟುಕೊಳ್ಳಿ: ವೇಗ ಸ್ವಲ್ಪ ಬದಲಿಸಿ, ಮೊನೆ ಯಾವ ದಿಕ್ಕಿಗೆ ಸರಿಯುತ್ತದೆ ನೋಡಿ. ರಿಯರ್ ವೀಲ್ ಡ್ರೈವ್ ಗೆಳೆಯರು ಪ್ರೊಪೆಲ್ಲರ್ ಶಾಫ್ಟಿಗೆ ಗಾಲಿಯ ಲೆಕ್ಕವನ್ನು ಡಿಫರೆನ್ಷಿಯಲ್ (ಎರಡು ಗಾಲಿಗೆ ಬಲ ಹಂಚುವ ಗೇರ್) ಅನುಪಾತದಿಂದ ಗುಣಿಸಬೇಕು, 4.1 ಆದರೆ ಎಂಬತ್ತರಲ್ಲಿ 47. ಯೂನಿವರ್ಸಲ್ ಜಾಯಿಂಟ್ ಹೋಗಿದ್ದರೆ ಅದರ ಎರಡರಷ್ಟು, ಅದನ್ನು ಈ ಫೋನ್ ನೇರ ತೋರಿಸಲಾರದು.

ಇಷ್ಟು ಹೇಳಿದರೂ ಗೇರ್‌ಬಾಕ್ಸ್ ಎಂದಿದ್ದ ಮೆಕ್ಯಾನಿಕ್ಕಿಗೆ ನಂಬಿಕೆ ಬರಲಿಲ್ಲ. ಕಾರನ್ನು ಲಿಫ್ಟಿಗೆ ಏರಿಸಿ, ಗಾಲಿ ನೇತಾಡಲು ಬಿಟ್ಟು, ಗೇರ್ ಹಾಕಿ ಓಡಿಸಿ ‘ನೋಡಿ, ಎರಡೂ ಕಡೆ ನಡುಗುತ್ತಿದೆ, ಗೇರ್‌ಬಾಕ್ಸೇ’ ಎಂದರು. ನೇತಾಡುವ ಗಾಲಿಯಲ್ಲಿ ಜಾಯಿಂಟಿನ ಕೋನ ರಸ್ತೆಯಲ್ಲಿ ಎಂದೂ ಇಲ್ಲದಷ್ಟು ಆಗಿರುತ್ತದೆ, ಒಳ್ಳೆಯ ಕಾರೂ ಹಾಗೆ ನಡುಗೀತು. ಒಂದೇ ಗಾಲಿ ಎತ್ತಿ ಓಡಿಸುವುದಂತೂ ಇನ್ನೂ ಅಪಾಯ. ಡಿಫರೆನ್ಷಿಯಲ್‌ನಿಂದಾಗಿ ಮೀಟರಿನಲ್ಲಿ 40 ಇದ್ದರೆ ಆ ಗಾಲಿ 80ರಲ್ಲಿ ತಿರುಗುತ್ತಿರುತ್ತದೆ. ಗಾಲಿಯನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಕಾರು ನೆಲದ ಮೇಲಿದ್ದಷ್ಟೇ ಎತ್ತರಕ್ಕೆ ತಂದರೂ ಎಳೆತದ ಭಾರ ಅಲ್ಲಿ ಬರುವುದಿಲ್ಲ. ಈ ರೋಗ ರಸ್ತೆಯಲ್ಲೇ ಸಿಗಬೇಕು.

ಕೋನದ ಮಾತು ಬಂತಲ್ಲ, ನನಗೆ ಮೊದಲ ಸುಳಿವು ಸಿಕ್ಕಿದ್ದು ಅಲ್ಲೇ. ಮುಂದಿನ ಎರಡೂ ಸೀಟಿನಲ್ಲಿ ದಪ್ಪ ಆಳು ಕೂತ ದಿನ ನಡುಕ ಕಡಿಮೆ. ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಳಗೆ ನುಗ್ಗಿ ನೋಡಿದರೆ ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಮೇಲೆ ಕಾರನ್ನು ಎತ್ತರಿಸುವ ಬಿಲ್ಲೆ, ಸ್ಪೇಸರ್! ಹಿಂದಿನ ಮಾಲೀಕರು ಗ್ರೌಂಡ್ ಕ್ಲಿಯರೆನ್ಸಿಗೆ ಹಾಕಿಸಿದ್ದು, ಅಂದಾಜು ಎರಡೂವರೆ ಸೆಂಟಿಮೀಟರ್ ದಪ್ಪ. ಕಾರು ಏರಿದಷ್ಟೂ ಶಾಫ್ಟಿನ ಕೋನ ಹೆಚ್ಚು, ಕೋನ ಹೆಚ್ಚಿದಷ್ಟೂ ಸುತ್ತಿಗೆ ಮೂರು ಸಲದ ಆ ಏಟು ಜೋರು. ಆಕ್ಸಿಲರೇಟರ್ ಒತ್ತಿದಾಗ ಮುಂಭಾಗ ಇನ್ನಷ್ಟು ಏಳುತ್ತದೆ. ಮುಂದೆ ಭಾರ ಕೂತರೆ ಇಳಿಯುತ್ತದೆ. ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಸ್ಪೇಸರ್ ತೆಗೆಸಿದೆ, 34ರ ಮೊನೆ ಮೂರನೇ ಒಂದು ಭಾಗದಷ್ಟು ತಗ್ಗಿತು. ಹೋಗಲಿಲ್ಲ, ಸವೆತ ಆಗಲೇ ಆಗಿತ್ತು.

ಎಡವೋ ಬಲವೋ? ಎರಡರದ್ದೂ ಒಂದೇ ಫ್ರೀಕ್ವೆನ್ಸಿ, ಗ್ರಾಫ್ ಹೇಳುವುದಿಲ್ಲ. ಹೊಸ ಜಾಯಿಂಟ್ ಕೊಳ್ಳುವ ಮೊದಲು ಗ್ರೀಸಿನಿಂದ ಪರೀಕ್ಷೆ ಮಾಡಿದೆ, ಖರ್ಚು ಒಂದು ಟ್ಯೂಬು ಮತ್ತು ಕ್ಲಿಪ್ಪು. ಎಡ ಇನ್ನರ್ ಬೂಟ್ ಬಿಡಿಸಿ ಹಳೆಯ ಗ್ರೀಸ್ ಒರೆಸಿ ಹೊಸದು ತುಂಬಿಸಿದೆ: ಬದಲಾವಣೆ ಇಲ್ಲ. ಬಲಗಡೆ ತೆಗೆದಾಗ ಗ್ರೀಸ್ ನೀರಾಗಿತ್ತು. ತುಂಬಿಸಿ ಹೊರಟರೆ ಮೊನೆ ಅರ್ಧಕ್ಕರ್ಧ ಕುಸಿಯಿತು, ಕೆಲವೇ ನೂರು ಕಿಲೋಮೀಟರಿಗೆ ಮತ್ತೆ ಮೇಲೆ ಬಂತು. ತೀರ್ಪು ಸಿಕ್ಕಿತು. ಇನ್ನರಿಗೂ ಔಟರಿಗೂ ಹಲವು ಕಾರುಗಳಲ್ಲಿ ಗ್ರೀಸ್ ಬೇರೆ ಬೇರೆ, ಕಿಟ್ಟಿನಲ್ಲಿ ಬಂದದ್ದನ್ನೇ ಹಾಕಿ.

ಬಿಚ್ಚಿದ ಹೌಸಿಂಗಿನಲ್ಲಿ ಎಳೆತದ ಕಡೆಯ ಮೂರೂ ಗೋಡೆಗಳ ಮೇಲೆ ಉಗುರಿಗೆ ಸಿಗುವ ಹಳ್ಳ ಇತ್ತು, ಎದುರು ಗೋಡೆಗಳು ಹೊಳೆಯುತ್ತಿದ್ದವು. ಇಷ್ಟು ಸ್ಪಷ್ಟ ಇಲ್ಲದಾಗ ಸವೆತ ಹಿಡಿಯಲು ನನ್ನದೊಂದು ಉಪಾಯವಿದೆ, ಇನ್ನೂ ಒಂದೆರಡು ಕಾರಿನಲ್ಲಿ ಪಕ್ಕಾ ಆಗುವವರೆಗೆ ಹೇಳುವುದಿಲ್ಲ. ಎರಡೂ ಕಡೆಯ ಹೌಸಿಂಗ್ ಒಂದೇ ಆಗಿರುವ ಕಾರಿನಲ್ಲಿ ಎಡ ಬಲ ಅದಲು ಬದಲು ಮಾಡಿದರೆ ಸವೆಯದ ಗೋಡೆ ಎಳೆತಕ್ಕೆ ಬರುತ್ತದೆ, ಹೊಸದು ಸಿಗದಿದ್ದರೆ ಅದೂ ದಾರಿ. ನನ್ನದರಲ್ಲಿ ಒಂದೇ ಅಲ್ಲ.

ಕೂರಿಸುವಾಗ ಎರಡು ಎಚ್ಚರ. ಶಾಫ್ಟ್ ಇಲ್ಲದೆ ಗಾಲಿ ಹಾಕಿ ಕಾರನ್ನು ತಳ್ಳಬೇಡಿ. ಶಾಫ್ಟಿನ ಹೊರತುದಿಯ ಹಬ್ ನಟ್ ಬಿಗಿಯೇ ಬೇರಿಂಗನ್ನು ಹಿಡಿದಿಡುವ ಕಾರುಗಳಲ್ಲಿ ಬೇರಿಂಗ್ ಕೆಡುತ್ತದೆ. ಹೊಸ ನಟ್ಟನ್ನೇ ಹಾಕಿ ಸರ್ವಿಸ್ ಮ್ಯಾನ್ಯುವಲ್ ಪುಸ್ತಕದ ಟಾರ್ಕಿಗೆ ಬಿಗಿಯಿರಿ, ಇಂಪ್ಯಾಕ್ಟ್ ಗನ್ನಿನ ಅಂದಾಜು ಬೇಡ. ಸೀಲ್ ಹಳೆಯದಿದ್ದರೆ ಅದೇ ಕೆಲಸದಲ್ಲಿ ಬದಲಿಸಿ, ಗೇರ್ ಆಯಿಲ್ ಮಟ್ಟ ನೋಡಿ.

ಈಗ ಎಂಬತ್ತರಲ್ಲಿ, ಏರಿನಲ್ಲಿ, ಪೂರ್ತಿ ಎಳೆತದಲ್ಲಿ 34ರ ಜಾಗದಲ್ಲಿ ರಸ್ತೆಯ ಸಣ್ಣ ಗಿಜಿಗಿಜಿ ಬಿಟ್ಟರೆ ಏನೂ ಇಲ್ಲ. ಗೇರ್‌ಬಾಕ್ಸ್ ಎಂದಿದ್ದ ಮೆಕ್ಯಾನಿಕ್ಕೇ ಓಡಿಸಿ ನೋಡಿದರು, ಆ್ಯಪಿನ ಹೆಸರು ಕೇಳಿ ಬರೆದುಕೊಂಡರು. ಮುಂದೆ ಅರ್ಧ ದಪ್ಪದ ಸ್ಪೇಸರ್ ಹಾಕಿ ಹೊಸ ಜಾಯಿಂಟಿನಲ್ಲಿ ಮೊನೆ ಎಷ್ಟು ಏಳುತ್ತದೆ ನೋಡಬೇಕೆಂದಿದ್ದೇನೆ. ಗಟ್ಟಿ ಮೌಂಟಿಂಗ್ ತೆಗೆದು ಕಂಪನಿಯದು ಹಾಕಿಸುವ ಕೆಲಸ ಅದಕ್ಕೂ ಮೊದಲು ಆಗಬೇಕು.