ಆನ್‌ಲೈನ್ ಗೈಡ್‌ಗೆ ಪೇಜ್ ಲೇಔಟ್ ಆರಿಸೋದು ಹೇಗೆ?

ಗೈಡನ್ನು ಯಾರೂ ಕಾದಂಬರಿಯ ಹಾಗೆ ಓದುವುದಿಲ್ಲ. ಒಂದು ಹಂತ ಓದುತ್ತಾರೆ, ಆ ಕೆಲಸ ಮಾಡುತ್ತಾರೆ, ವಾಪಸ್ ಬಂದು ಎಲ್ಲಿಗೆ ಬಿಟ್ಟಿದ್ದೆ ಅಂತ ಹುಡುಕುತ್ತಾರೆ. ಎಷ್ಟೋ ಸಲ ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಫೋನ್. ಹಾಗಾಗಿ ಲೇಔಟ್ ಆರಿಸುವಾಗ ಮೊದಲು ಕೇಳಿಕೊಳ್ಳಿ: ಕಣ್ಣು ಬೇರೆ ಕಡೆ ಹೋದವರು ಮತ್ತೆ ಅದೇ ಜಾಗಕ್ಕೆ ಬೇಗ ಬರ್ತಾರಾ? ಪೇಜ್ ಚೆಂದ ಕಾಣುತ್ತಾ ಅನ್ನೋದು ಆಮೇಲಿನ ಮಾತು.

ಹೆಚ್ಚಿನ ಗೈಡ್‌ಗಳಿಗೆ ಒಂದೇ ಕಾಲಂ ಸಾಕು. ಎರಡು ಕಾಲಂ ಅಚ್ಚಿನ ಪುಟದಲ್ಲಿ ಸರಿ, ಆದರೆ ಸ್ಕ್ರೀನ್ ಮೇಲೆ ಮೊದಲನೆಯದನ್ನು ಕೆಳಗಿನ ತನಕ ಓದಿ, ಎರಡನೆಯದಕ್ಕೆ ಮತ್ತೆ ಮೇಲಕ್ಕೆ ಸ್ಕ್ರಾಲ್ ಮಾಡಬೇಕು, ಅಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ. ಹಾಗಂತ ಆ ಒಂದು ಕಾಲಂ ಅನ್ನು ದೊಡ್ಡ ಮಾನಿಟರ್‌ನ ಈ ತುದಿಯಿಂದ ಆ ತುದಿಗೆ ಎಳೆಯಬೇಡಿ. ಅಂಗವಿಕಲರಿಗೂ ವೆಬ್ ಬಳಸಲು ಆಗಬೇಕು ಅಂತ ಮಾಡಿರುವ ಡಬ್ಲ್ಯೂಸಿಎಜಿ ಅನ್ನುವ ಮಾರ್ಗಸೂಚಿಯ ಅತಿ ಕಟ್ಟುನಿಟ್ಟಿನ ಹಂತದಲ್ಲಿ ಒಂದು ಸಾಲಿಗೆ 80 ಅಕ್ಷರದ ಮಿತಿ ಇದೆ, ಸಾಲುಗಳ ನಡುವೆ ಕನಿಷ್ಠ ಒಂದೂವರೆ ಪಟ್ಟು ಅಂತರ ಇರಬೇಕು ಅಂತಲೂ ಇದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದಲ್ವಾ, ಅದಕ್ಕೆ ಇನ್ನೂ ಸ್ವಲ್ಪ ಜಾಸ್ತಿಯೇ ಕೊಡಿ. ಸಾಲಿನ ಎರಡೂ ಅಂಚು ಸಮ ಮಾಡಲು ಹೋಗಬೇಡಿ, ನಮ್ಮ ಪದಗಳು ಉದ್ದ, ನಡುವೆ ದೊಡ್ಡ ದೊಡ್ಡ ಕಿಂಡಿ ಬೀಳುತ್ತದೆ.

ಎಲ್ಲವನ್ನೂ ಒಂದೇ ಪೇಜ್‌ನಲ್ಲಿ ಹಾಕೋದಾ, ಹಂತಕ್ಕೊಂದು ಪೇಜಾ? ಶುರುವಿನಿಂದ ಕೊನೆ ತನಕ ಒಂದೇ ಕೆಲಸವಾದರೆ ನನ್ನ ವೋಟು ಒಂದೇ ಪೇಜ್‌ಗೆ. ಕಂಟ್ರೋಲ್ ಎಫ್ ಒತ್ತಿದರೆ ಬೇಕಾದ್ದು ಸಿಗುತ್ತದೆ, ಪ್ರಿಂಟ್ ಸಲೀಸು, ಮಧ್ಯದಲ್ಲಿ ನೆಟ್ ಹೋದರೂ ಮುಂದಿನ ಹಂತ ಕಣ್ಣ ಮುಂದೆಯೇ ಇರುತ್ತದೆ. ಆದರೆ ವಿಂಡೋಸ್‌ಗೆ ಒಂದು ದಾರಿ, ಮ್ಯಾಕ್‌ಗೆ ಇನ್ನೊಂದು ಅಂತಿದ್ದರೆ ಎರಡನ್ನೂ ಕಲಸಬೇಡಿ. ಪೇಜ್‌ನ ಮೇಲ್ಗಡೆಯೇ ನಿಮ್ಮದು ಯಾವುದು ಅಂತ ಕೇಳಿ, ಬೇರೆ ಬೇರೆ ಪೇಜ್‌ಗೆ ಕಳಿಸಿ. ಒಬ್ಬರಿಗೆ ಒಂದೇ ದಾರಿ ಬೇಕಾಗಿರೋದು.

ಒತ್ತಿದರೆ ಬಿಚ್ಚಿಕೊಳ್ಳುವ ಅಕಾರ್ಡಿಯನ್ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ಮುಚ್ಚಿಟ್ಟ ಮಾತು ಎಷ್ಟೋ ಸಲ ಹುಡುಕಿದರೆ ಸಿಗುವುದಿಲ್ಲ, ಪ್ರಿಂಟ್‌ನಲ್ಲೂ ಬರುವುದಿಲ್ಲ. ಕೊನೆಯಲ್ಲಿ ‘ಎರರ್ ಬಂದರೆ ಏನು ಮಾಡಬೇಕು’ ಅನ್ನುವಂಥದ್ದಕ್ಕೆ ಇರಲಿ. ಮುಖ್ಯ ಹಂತಗಳನ್ನು ಮಾತ್ರ ಅದರೊಳಗೆ ಬಚ್ಚಿಡಬೇಡಿ.

ಹಂತದ ನಂಬರ್ ಎಡಗಡೆ, ದಪ್ಪಗೆ, ಎಲ್ಲಾ ಹಂತಕ್ಕೂ ಮೇಲಿಂದ ಕೆಳಗೆ ಒಂದೇ ನೇರದಲ್ಲಿ ನಿಲ್ಲಲಿ. ವಾಪಸ್ ಬಂದವರ ಕಣ್ಣು ಮೊದಲು ಹುಡುಕೋದೇ ಅದನ್ನು. ಚಿತ್ರ ಆ ಹಂತದ ಮಾತಿನ ಕೆಳಗೇ ಇರಲಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾಕುವ ಫ್ಯಾಷನ್ ಇದೆಯಲ್ಲ, ಅದು ಜಾಹೀರಾತಿಗೆ ಸರಿ, ಇಲ್ಲಿ ಯಾವ ಚಿತ್ರ ಯಾವ ಹಂತದ್ದು ಅಂತ ಗೊಂದಲವಾಗುತ್ತದೆ. ‘ಮೊದಲು ಕರೆಂಟ್ ಆಫ್ ಮಾಡಿ’ ಅನ್ನುವಂಥ ಎಚ್ಚರಿಕೆ ಹಂತಕ್ಕಿಂತ ಮೇಲೆ ಬರಬೇಕು, ಕೆಳಗೆ ಬಂದರೆ ಅಷ್ಟೊತ್ತಿಗೆ ಕೈ ಹಾಕಿ ಆಗಿರುತ್ತದೆ!

ಪರಿವಿಡಿ ಅಗಲ ಸ್ಕ್ರೀನ್‌ನಲ್ಲಿ ಪಕ್ಕಕ್ಕೆ ಅಂಟಿಕೊಂಡಿರಲಿ, ಫೋನ್‌ನಲ್ಲಿ ಮೇಲೆ ಚಿಕ್ಕ ಪಟ್ಟಿ ಸಾಕು. ಫೋನ್‌ನಲ್ಲಿ ಮೇಲ್ಗಡೆ ಅಂಟಿಕೊಂಡೇ ಇರುವ ದಪ್ಪ ಪಟ್ಟಿ ಬೇಡ. ಸುಮ್ನೆ ಜಾಗ ತಿನ್ನುತ್ತದೆ, ಪರಿವಿಡಿಯ ಲಿಂಕ್ ಒತ್ತಿ ಹೋದರೆ ಆ ಹಂತದ ಶೀರ್ಷಿಕೆ ಅದರ ಅಡಿಯಲ್ಲೇ ಅಡಗಿಕೊಳ್ಳುತ್ತದೆ.

ಮುಗಿದ ಮೇಲೆ ಬ್ರೌಸರ್ ಕಿಟಕಿಯನ್ನು 1280 ಪಿಕ್ಸೆಲ್ ಅಗಲಕ್ಕೆ ಇಟ್ಟು 400% ಝೂಮ್ ಮಾಡಿ. ಅದು 320 ಪಿಕ್ಸೆಲ್‌ನ ಚಿಕ್ಕ ಸ್ಕ್ರೀನ್‌ಗೆ ಸಮ. ಆಗ ಒಂದು ಸಾಲು ಓದೋಕೆ ಅಡ್ಡಡ್ಡ ಸರಿಸಬೇಕಾಗಿ ಬಂದರೆ ಲೇಔಟ್ ಇನ್ನೂ ಆಗಿಲ್ಲ ಅಂತಲೇ ಲೆಕ್ಕ. ಆಮೇಲೆ ಯಾರಿಗಾದರೂ ಕೊಟ್ಟು ನಿಜವಾಗಿ ಆ ಕೆಲಸ ಮಾಡಿಸಿ. ‘ಹೇಗಿದೆ?’ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳ್ತಾರೆ. ಪಕ್ಕದಲ್ಲಿ ಕೂತು ಅವರು ಎಲ್ಲಿ ಮೇಲೆ ಕೆಳಗೆ ಸ್ಕ್ರಾಲ್ ಮಾಡಿ ಹುಡುಕುತ್ತಾರೆ ಅಂತ ಗುರುತು ಹಾಕಿಕೊಳ್ಳಿ, ಆ ಜಾಗಗಳನ್ನೇ ಮೊದಲು ಸರಿಮಾಡಿ.