ಬೆಂಗಳೂರಿನಿಂದ ಮಂಗಳೂರಿಗೆ ದೇಣಿಗೆಯ ಸೈಕಲ್ ಸವಾರಿ: ಹದಿನಾರು ವಾರಗಳ ತಯಾರಿ

ದೇಣಿಗೆ ಕೂಡಿಸಲು ದೂರದ ಸವಾರಿ ಹೊರಡಬೇಕೆಂದವರು ಮೊದಲು ಓಡುವುದು ಸೈಕಲ್ ಅಂಗಡಿಗೆ. ಆದರೆ ಮೊದಲ ಭೇಟಿ ಆಗಬೇಕಾದದ್ದು ಹಣ ಸೇರಬೇಕಾದ ಸಂಸ್ಥೆಯ ಲೆಕ್ಕಪತ್ರ ನೋಡುವವರ ಜೊತೆ. ಕಾಲು ಗಟ್ಟಿಯಾಗಲು ನಾಲ್ಕು ತಿಂಗಳು ಸಾಕು. ತಪ್ಪು ಖಾತೆಗೆ ಬಂದು ಬಿದ್ದ ದೇಣಿಗೆಗೆ ರಸೀದಿ ಹುಟ್ಟಿಸಲು ಎಷ್ಟು ತಿಂಗಳಾದರೂ ಸಾಲದು.

ಇಲ್ಲಿ ಹೇಳುವುದು ಒಂದು ನಿರ್ದಿಷ್ಟ ದಾರಿಯ ಬಗ್ಗೆ. ಬೆಂಗಳೂರು, ಮೈಸೂರು, ಮಡಿಕೇರಿ, ಮಂಗಳೂರು: ಮೂರು ದಿನ, ಸುಮಾರು 400 ಕಿ.ಮೀ. ಮೊದಲ ದಿನ 145, ಎರಡನೇ ದಿನ 120, ಮೂರನೇ ದಿನ 135–140. ಮಾಣಿಯವರೆಗೂ ರಾಷ್ಟ್ರೀಯ ಹೆದ್ದಾರಿ 275, ಅಲ್ಲಿಂದ ಮುಂದೆ 75. ಹೊರಡಲು ಒಳ್ಳೆಯ ಕಾಲ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ. ಫೆಬ್ರವರಿ ದಾಟಿದರೆ ಕರಾವಳಿಯ ಸೆಕೆ ತಡೆಯದು. ಮಳೆಗಾಲದಲ್ಲಿ ಸಂಪಾಜೆ ಘಾಟಿಯನ್ನು ನಂಬಿ ತಾರೀಖು ಹಾಕಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಸುತ್ತ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿತ್ತು. ಜನವರಿ ಮೂರನೇ ವಾರದ ಶುಕ್ರ, ಶನಿ, ಭಾನುವಾರ ಹೊರಡುವುದಾದರೆ ತಯಾರಿ ಸೆಪ್ಟೆಂಬರ್ ಕೊನೆಗೆ ಶುರುವಾಗಬೇಕು.

ಹಣ ಯಾರ ಖಾತೆಗೆ?

ಸಂಸ್ಥೆಯ ಖಾತೆಗೇ. ನಿಮ್ಮ ಫೋನ್ ನಂಬರಿನ ಯುಪಿಐಗೆ ಹಾಕಿಸಿಕೊಂಡು ಆಮೇಲೆ ಒಟ್ಟಿಗೆ ಕಳಿಸುವುದು ಸುಲಭ ಅನ್ನಿಸುತ್ತದೆ. ಆದರೆ ಹಾಗೆ ಮಾಡಿದರೆ ಸಂಸ್ಥೆಯ ಪುಸ್ತಕದಲ್ಲಿ ದಾನಿ ನೀವೊಬ್ಬರೇ ಆಗುತ್ತೀರಿ. ಉಳಿದವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ನಿಮ್ಮ ಖಾತೆಗೆ ಬಂದ ಲಕ್ಷಗಳಿಗೆ ನಾಳೆ ನೀವೇ ಉತ್ತರ ಹೇಳಬೇಕಾಗುತ್ತದೆ.

ಸಂಸ್ಥೆಯವರನ್ನು ಕೂರಿಸಿಕೊಂಡು ಇಷ್ಟು ಕೇಳಿ. ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ ಚಾಲ್ತಿಯಲ್ಲಿದೆಯೇ, ಯಾವ ವರ್ಷದವರೆಗೆ? 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದು ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ, ರಸೀದಿಯಲ್ಲಿ ಈಗ ಏನು ಬರೆದಿರುತ್ತದೆ ಎಂಬುದನ್ನೂ ಒಮ್ಮೆ ಕಣ್ಣಾರೆ ನೋಡಿ. ನಿಮ್ಮ ಸವಾರಿಯ ಹಣವನ್ನು ಬೇರೆಯಾಗಿ ಗುರುತಿಸಲು ಅವರು ಪ್ರತ್ಯೇಕ ಲಿಂಕ್ ಅಥವಾ ಕ್ಯೂಆರ್ ಕೊಡುತ್ತಾರೆಯೇ? ವಾರಕ್ಕೊಮ್ಮೆ ದಾನಿಗಳ ಪಟ್ಟಿ ಕಳಿಸುವವರು ಯಾರು? ಈ ಕೊನೆಯ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರೇ ಉತ್ತರವಾಗಿ ಬರಬೇಕು. ‘ಆಫೀಸಿನವರು ಕಳಿಸ್ತಾರೆ’ ಎಂದರೆ ಯಾರೂ ಕಳಿಸುವುದಿಲ್ಲ ಎಂದೇ ಅರ್ಥ.

ದಾನಿಗಳು ಪದೇ ಪದೇ ಕೇಳುವ ಸಂಗತಿಗಳು ಮೂರು. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ವಿನಾಯಿತಿ. ಹೊಸ ಪದ್ಧತಿಯವರಿಗೆ ಇಲ್ಲ. 2,000 ರೂಪಾಯಿ ಮೀರಿದ ನಗದು ದೇಣಿಗೆಗೂ ಇಲ್ಲ. ಕೈಗೆ ಸಿಗುವ ರಸೀದಿಯೊಂದೇ ಸಾಲದು: ಆರ್ಥಿಕ ವರ್ಷ ಮುಗಿದ ಮೇಲೆ ಸಂಸ್ಥೆ ತನ್ನ ದೇಣಿಗೆಗಳ ವಿವರವನ್ನು ತೆರಿಗೆ ಇಲಾಖೆಗೆ ಸಲ್ಲಿಸಿ, ಆಮೇಲೆ ಕೊಡುವ ಪ್ರಮಾಣಪತ್ರವೂ ಬೇಕು. ಅದಕ್ಕೆ ದಾನಿಯ ಪ್ಯಾನ್ ಸಂಖ್ಯೆ ಬೇಕಾಗುವುದರಿಂದ ಹಣ ಹಾಕುವಾಗಲೇ ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ನೂರು ಜನರಿಗೆ ಫೋನ್ ಮಾಡಿ ಪ್ಯಾನ್ ಕೇಳುವುದು ಘಾಟಿ ಹತ್ತುವುದಕ್ಕಿಂತ ಕಷ್ಟ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಬಂಧುಗಳ ವಿಷಯದಲ್ಲಿ ಎಚ್ಚರ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ, ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು, ಅದೂ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಗೊತ್ತುಪಡಿಸಿದ ಖಾತೆಗೆ. ಚಿಕ್ಕಪ್ಪ ಪ್ರೀತಿಯಿಂದ ಮಾಮೂಲಿ ಖಾತೆಗೆ ಹಾಕಿದ 100 ಡಾಲರ್ ಸಂಸ್ಥೆಯನ್ನು ತೊಂದರೆಗೆ ಸಿಕ್ಕಿಸೀತು.

ಕೇಳುವುದು ಹೇಗೆ?

ಗುರಿ 2 ಲಕ್ಷ ಎಂದುಕೊಳ್ಳಿ. ಇದನ್ನು ‘ಇನ್ನೂರು ಜನ ತಲಾ ಸಾವಿರ’ ಎಂದು ಭಾಗಿಸಬೇಡಿ, ಹಣ ಹಾಗೆ ಬರುವುದಿಲ್ಲ. 25,000 ಕೊಡುವ ಒಬ್ಬರು, 10,000ದ ಮೂವರು, 5,000ದ ಹತ್ತು ಜನ, 2,000ದ ಇಪ್ಪತ್ತು, 1,000ದ ಮೂವತ್ತೈದು, 500ರ ನಲವತ್ತು: ಒಟ್ಟು 109 ಜನ, ಸರಿಯಾಗಿ 2 ಲಕ್ಷ. ಕೇಳಿದ ಮೂವರಲ್ಲಿ ಒಬ್ಬರು ಕೊಡುತ್ತಾರೆಂದು ಹಿಡಿದರೆ ಸುಮಾರು 330 ಹೆಸರುಗಳ ಪಟ್ಟಿ ಬೇಕು. ಅಷ್ಟು ಹೆಸರು ಬರೆಯಲಾಗದಿದ್ದರೆ ಗುರಿ ಇಳಿಸಿ, ನಾಚಿಕೆಯೇನಿಲ್ಲ.

ಮೇಲಿನ ಹದಿನಾಲ್ಕು ಜನರನ್ನು ಸವಾರಿಗೆ ಎಂಟು ವಾರ ಮೊದಲೇ ಖುದ್ದಾಗಿ ಕಂಡು ಕೇಳಬೇಕು. ನಿಮ್ಮ ಸ್ವಂತ ದೇಣಿಗೆಯೇ ಪಟ್ಟಿಯ ಮೊದಲ ಸಾಲಿನಲ್ಲಿರಲಿ. ಸಾರ್ವಜನಿಕ ಲಿಂಕ್ ಹಂಚುವ ಹೊತ್ತಿಗೆ ಗುರಿಯ ಕಾಲು ಭಾಗವಾದರೂ ಕೂಡಿರಬೇಕು. ಸೊನ್ನೆ ತೋರಿಸುವ ಪುಟಕ್ಕೆ ಮೊದಲು ಕೈ ಹಾಕುವವರು ಕಡಿಮೆ.

ವಾಟ್ಸ್ಯಾಪ್ ಗುಂಪಿಗೆ ಒಂದೇ ಸಂದೇಶ ಎಸೆದರೆ ಬರುವುದು ಹೆಬ್ಬೆರಳು, ಹಣವಲ್ಲ. ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆಯಿರಿ, ಮೊತ್ತವನ್ನೂ ಹೇಳಿ:

‘ಸುಧಕ್ಕಾ, ಜನವರಿ ಮೂರನೇ ವಾರ ಬೆಂಗಳೂರಿನಿಂದ ಮಂಗಳೂರಿಗೆ ಸೈಕಲ್ಲಿನಲ್ಲಿ ಹೋಗ್ತಿದ್ದೀನಿ, 400 ಕಿ.ಮೀ. ನಮ್ಮೂರ ಸರ್ಕಾರಿ ಶಾಲೆಯ ಶೌಚಾಲಯಕ್ಕೆ 2 ಲಕ್ಷ ಬೇಕು. ಕಿಲೋಮೀಟರಿಗೆ ಐದು ರೂಪಾಯಿಯಂತೆ 2,000 ಕೊಡ್ತೀರಾ? ಹಣ ನೇರ ಟ್ರಸ್ಟಿನ ಖಾತೆಗೆ ಹೋಗುತ್ತೆ. ಊಟ, ವಸತಿ, ಸೈಕಲ್ ಖರ್ಚೆಲ್ಲ ನನ್ನದೇ.’

ಕೊನೆಯ ವಾಕ್ಯ ಬಿಡಬೇಡಿ. ‘ನಮ್ಮ ದುಡ್ಡಲ್ಲಿ ಇವನ ಟ್ರಿಪ್’ ಎಂಬ ಅನುಮಾನ ಬಹಳ ಜನರ ಮನಸ್ಸಿನಲ್ಲಿ ಇರುತ್ತದೆ, ಬಾಯಲ್ಲಿ ಬರುವುದಿಲ್ಲ. ಪ್ರಾಯೋಜಕರು ಜೆರ್ಸಿ, ಬೆಂಗಾವಲು ವಾಹನ ಕೊಡುತ್ತೇವೆಂದರೆ ಅದನ್ನು ದೇಣಿಗೆಯ ಲೆಕ್ಕದಲ್ಲಿ ಬೆರೆಸದೆ ಬೇರೆಯೇ ತೋರಿಸಿ.

ಕಿಲೋಮೀಟರಿಗೆ ಇಷ್ಟು ಎಂದು ಮಾತು ಕೊಡುವವರಿಂದ ಮುಂಚಿತವಾಗಿಯೇ ಹಣ ಹಾಕಿಸಿಕೊಳ್ಳುವುದು ಮೇಲು. ಸವಾರಿ ಮುಗಿದ ಮೇಲೆ ಉತ್ಸಾಹ ಬೇಗ ಆರುತ್ತದೆ. ಸಂಬಳದ ಮೊದಲ ವಾರ ಕೇಳಿ, 25ನೇ ತಾರೀಖಿನ ಮೇಲೆ ಕೇಳಬೇಡಿ. ಕಂಪನಿಯಲ್ಲಿ ಕೆಲಸ ಮಾಡುವ ದಾನಿಗಳಿಗೆ, ನೌಕರರು ಕೊಟ್ಟಷ್ಟೇ ಕಂಪನಿಯೂ ಸೇರಿಸಿ ಕೊಡುವ ಯೋಜನೆ ಇದೆಯೇ ಎಂದು ಎಚ್‌ಆರ್ ಹತ್ತಿರ ವಿಚಾರಿಸಲು ಹೇಳಿ. ಇದ್ದರೆ ಆ ಪಟ್ಟಿಗೆ ಸಂಸ್ಥೆಯ ಹೆಸರು ಸೇರಲು ಸಮಯ ಹಿಡಿಯುವುದರಿಂದ ಅಕ್ಟೋಬರಿನಲ್ಲೇ ಕೇಳಬೇಕು.

ಕಾಲಿನ ತಯಾರಿ

ಒಂದು ಗಂಟೆ ನಿಲ್ಲಿಸದೆ ಸೈಕಲ್ ತುಳಿಯಬಲ್ಲವರಿಗೆ ಈ ಯೋಜನೆ. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕಾಣಲಿ.

ಮೊದಲ ನಾಲ್ಕು ವಾರ: ವಾರದ ನಡುವೆ ಎರಡು ಸಲ 45–60 ನಿಮಿಷ, ಭಾನುವಾರ 40ರಿಂದ 60 ಕಿ.ಮೀ. ವಾರದ ಒಟ್ಟು ದೂರ ಹಿಂದಿನ ವಾರಕ್ಕಿಂತ ಶೇ. 10ರಷ್ಟು ಹೆಚ್ಚಿದರೆ ಸಾಕು, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. ಐದರಿಂದ ಎಂಟನೇ ವಾರದವರೆಗೆ ಭಾನುವಾರದ ಸವಾರಿ 70ರಿಂದ 90ಕ್ಕೆ ಏರಲಿ. ವಾರದ ನಡುವಿನ ಒಂದು ದಿನ ಎಂಟು ನಿಮಿಷ ಜೋರಾಗಿ, ನಾಲ್ಕು ನಿಮಿಷ ನಿಧಾನವಾಗಿ, ಹೀಗೆ ನಾಲ್ಕು ಸುತ್ತು. ಉಳಿದ ಸವಾರಿಗಳೆಲ್ಲ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗದಲ್ಲಿ.

ಒಂಬತ್ತನೇ ವಾರದಿಂದ ಅಸಲಿ ಕೆಲಸ: ಶನಿವಾರ, ಭಾನುವಾರ ಎರಡೂ ದಿನ. 80+50, 90+60, 100+70, ಒಂದು ಹಗುರ ವಾರ, ಮತ್ತೆ 110+80, 120+80. ಒಂದೇ ದಿನ 145 ತುಳಿದು ನೋಡುವ ಅಗತ್ಯವಿಲ್ಲ. ಮೂರು ದಿನದ ಸವಾರಿಯನ್ನು ಕೆಡಿಸುವುದು ದೂರಕ್ಕಿಂತ ಹೆಚ್ಚಾಗಿ, ನಿನ್ನೆ ನೊಂದ ಕಾಲು, ಸವೆದ ಪೃಷ್ಠ. ಎರಡನೇ ದಿನ ಸೀಟಿನ ಮೇಲೆ ಕೂರುವುದನ್ನು ದೇಹಕ್ಕೆ ರೂಢಿಸಬೇಕು. ಹದಿನೈದನೇ ವಾರ ಅರ್ಧಕ್ಕೆ ಇಳಿಸಿ, ಹದಿನಾರನೇ ವಾರ ಬರೀ ಸಣ್ಣ ಸುತ್ತು. ತಪ್ಪಿಸಿಕೊಂಡ ಅಭ್ಯಾಸವನ್ನು ಕೊನೆಯ ವಾರ ತುಂಬಿಕೊಳ್ಳಲು ಹೊರಟವರು ದಣಿದೇ ಹೊರಡುತ್ತಾರೆ.

ಏರು: ಬೆಂಗಳೂರಿನವರಿಗೆ ನಂದಿಬೆಟ್ಟ, ಮೈಸೂರಿನವರಿಗೆ ಚಾಮುಂಡಿಬೆಟ್ಟ. ಬೆಟ್ಟವಿಲ್ಲದ ಊರಿನವರು ಮೇಲ್ಸೇತುವೆಯನ್ನೇ ಹತ್ತು ಸಲ ಹತ್ತಲಿ, ಎದುರು ಗಾಳಿಯಲ್ಲಿ ಭಾರದ ಗೇರಿನಲ್ಲಿ ತುಳಿಯಲಿ. ಬೆಟ್ಟ ಹತ್ತಿದಷ್ಟೇ ಗಮನ ಕೊಟ್ಟು ಇಳಿಯುವುದನ್ನೂ ಕಲಿಯಿರಿ, ಈ ದಾರಿಗೆ ಅದೇ ಮುಖ್ಯ.

ಬಹುತೇಕರು ಮರೆಯುವುದು ಸೆಕೆ. ಬೆಳಗಿನ ಆರರ ಬೆಂಗಳೂರಿನ ಚಳಿಯಲ್ಲಿ ತಯಾರಾದ ದೇಹ ಪುತ್ತೂರಿನ ಮಧ್ಯಾಹ್ನಕ್ಕೆ ತಯಾರಾಗಿರುವುದಿಲ್ಲ. ಕೊನೆಯ ಮೂರು ವಾರದಲ್ಲಿ ಐದಾರು ಸಲವಾದರೂ ಹನ್ನೊಂದರಿಂದ ಒಂದರ ನಡುವೆ ಒಂದು ಗಂಟೆ ತುಳಿಯಿರಿ, ನೀರು ಇಟ್ಟುಕೊಂಡು.

ಸೈಕಲ್

ಗೇರಿರುವ ಹೈಬ್ರಿಡ್ ಅಥವಾ ರೋಡ್ ಬೈಕ್ ಸಾಕು. ಟೈರು 28ರಿಂದ 32 ಮಿ.ಮೀ. ಅಗಲ; 70 ಕಿಲೋ ತೂಗುವವರು 28ಕ್ಕೆ 70–80 ಪಿಎಸ್‌ಐ, 32ಕ್ಕೆ 60ರ ಆಸುಪಾಸು ಗಾಳಿ ತುಂಬಲಿ. ಹಿಂದಿನ ದೊಡ್ಡ ಹಲ್ಲುಚಕ್ರ 32 ಅಥವಾ 34 ಹಲ್ಲಿನದಾಗಿದ್ದರೆ ಏರಿನಲ್ಲಿ ಇಳಿದು ತಳ್ಳುವ ಪ್ರಮೇಯ ಬರುವುದಿಲ್ಲ.

ಸೀಟಿನ ಎತ್ತರ: ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ಪೂರ್ತಿ ನೆಟ್ಟಗಾಗಬೇಕು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂಭಾಗ ನೋಯುತ್ತಿದ್ದರೆ ಎತ್ತರ. ಒಂದು ಸಲಕ್ಕೆ 3–4 ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಚಡ್ಡಿ ಬೇಡ. ಉಜ್ಜಿ ಗಾಯ ಮಾಡುವುದು ಅದರ ಹೊಲಿಗೆಯೇ.

ಹೆದ್ದಾರಿಯಲ್ಲಿ ಪಂಕ್ಚರಿಗೆ ದೊಡ್ಡ ಕಾರಣ ಸಿಡಿದ ಲಾರಿ ಟೈರುಗಳಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ. ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕೀಳದೆ ಹೊಸ ಟ್ಯೂಬ್ ಹಾಕಿದರೆ ಎರಡು ಕಿಲೋಮೀಟರಿನಲ್ಲಿ ಅದೂ ಹೋಗುತ್ತದೆ. ಟ್ಯೂಬಿಗೆ ಗಾಳಿ ಹಾಕಿ ತೂತು ಹುಡುಕಿ, ವಾಲ್ವಿನಿಂದ ಎಷ್ಟು ದೂರವೆಂದು ನೋಡಿಕೊಂಡು ಟೈರಿನ ಅದೇ ಜಾಗವನ್ನು ಒಳಗಿನಿಂದ ಹತ್ತಿಯಲ್ಲಿ ಸವರಿ: ಹತ್ತಿ ಸಿಕ್ಕಿಕೊಂಡಲ್ಲಿ ತಂತಿಯಿದೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತಿದ್ದರೆ ತಂತಿ ಹುಡುಕಬೇಡಿ, ಗಾಳಿ ಕಡಿಮೆಯಾಗಿ ಗುಂಡಿಗೆ ಬಡಿದದ್ದು. ಒಬ್ಬೊಬ್ಬರ ಬಳಿಯೂ ಎರಡು ಟ್ಯೂಬ್, ಪ್ಯಾಚ್, ಎರಡು ಟೈರ್ ಲಿವರ್, ಪಂಪು, ಮಲ್ಟಿಟೂಲ್ ಇರಲಿ; ತುಂಡಾದ ಚೈನನ್ನು ಮತ್ತೆ ಜೋಡಿಸಲು, ನಿಮ್ಮ ಚೈನಿನ ಸ್ಪೀಡಿಗೆ (ಹಿಂದಿನ ಹಲ್ಲುಚಕ್ರಗಳ ಸಂಖ್ಯೆಗೆ) ಹೊಂದುವ ಒಂದು ಕ್ವಿಕ್ ಲಿಂಕೂ ಇರಲಿ. ಬ್ರೇಕ್ ಪ್ಯಾಡ್ ಹೊರಡುವ ಎರಡು ವಾರ ಮೊದಲೇ ಹೊಸದಾಗಲಿ.

ಹೊಟ್ಟೆ

ಗಂಟೆಗೆ 30–60 ಗ್ರಾಂ ಶರ್ಕರಪಿಷ್ಟ, ಮೊದಲ ಗಂಟೆಯಿಂದಲೇ. ದೊಡ್ಡ ಪಚ್ಚಬಾಳೆ ಒಂದರಲ್ಲಿ ಹೆಚ್ಚುಕಡಿಮೆ 25 ಗ್ರಾಂ. ಕಡಲೆಮಿಠಾಯಿ, ಖರ್ಜೂರ, ಬೆಲ್ಲ ಎಲ್ಲ ನಡೆಯುತ್ತದೆ. ಬಿಡದಿಯ ತಟ್ಟೆ ಇಡ್ಲಿಗೆ ನಿಲ್ಲಿ. ಮದ್ದೂರು ವಡೆಯನ್ನು ಕಟ್ಟಿಸಿಕೊಂಡು ಸಂಜೆ ತಿನ್ನಿ, ಕರಿದದ್ದು ತುಳಿಯುವ ಹೊಟ್ಟೆಯಲ್ಲಿ ಕರಗುವುದಿಲ್ಲ. ನೀರು ಗಂಟೆಗೆ 500–750 ಮಿ.ಲೀ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಆದ್ದರಿಂದ ಎರಡು ಬಾಟಲಿಯಲ್ಲಿ ಒಂದರಲ್ಲಿ ಓಆರ್‌ಎಸ್ ಇರಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಆ ಮೂರು ದಿನ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ ಇತ್ಯಾದಿಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆ ಮತ್ತು ಊರೊಳಗಿನ ಹಳೆಯ ರಸ್ತೆಯೇ ಗತಿ. ಅಲ್ಲಿ ಕಾಟ ಕೊಡುವುದು ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕುಗಳು, ಬಣ್ಣ ಹಚ್ಚದ ಹಂಪುಗಳು. ಬೆಳಕಿಲ್ಲದ ಹೊತ್ತಿನಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪವಿಲ್ಲದವರನ್ನು ಹೊರಡಿಸಬೇಡಿ.

ಎರಡನೇ ದಿನ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದವರೆಗೆ ಅಲೆಅಲೆಯಾದ ರಸ್ತೆ. ಸುಂಟಿಕೊಪ್ಪದ ನಂತರ ಏರು. ಕುಶಾಲನಗರದಲ್ಲಿ ಅರ್ಧ ಗಂಟೆ ಕೂತು ತಿಂದು ಹೊರಟರೆ ಮಡಿಕೇರಿ ಕಷ್ಟವಲ್ಲ.

ಮೂರನೇ ದಿನ ‘ಬರೀ ಇಳಿಜಾರು’ ಎಂದು ಎಲ್ಲರೂ ಹೇಳುತ್ತಾರೆ. ನಂಬಬೇಡಿ, ಮೂರರಲ್ಲಿ ಇದೇ ಕಠಿಣ. ಮಡಿಕೇರಿಯಿಂದ ಸಂಪಾಜೆಗೆ ಸುಮಾರು ಸಾವಿರ ಮೀಟರ್ ಇಳಿಯಬೇಕು. ಕತ್ತಲಲ್ಲಿ, ದಟ್ಟ ಮಂಜಿನಲ್ಲಿ ಹೊರಡಬೇಡಿ. ಏಳು ಗಂಟೆಗೆ, ಗಾಳಿ ತಡೆಯುವ ಜಾಕೆಟ್ ಹಾಕಿಕೊಂಡು ಹೊರಡಿ. ಇಬ್ಬರ ನಡುವೆ 25–30 ಮೀಟರ್ ಅಂತರವಿರಲಿ. ಬ್ರೇಕನ್ನು ಉದ್ದಕ್ಕೂ ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಕುರುಡು ತಿರುವಿನಲ್ಲಿ ಎದುರಿನ ಬಸ್ಸು ರಸ್ತೆಯ ಪೂರ್ತಿ ಅಗಲ ಬಳಸುತ್ತದೆ ಎಂದುಕೊಂಡೇ ಎಡಕ್ಕಿರಿ. ಸಂಪಾಜೆಯಿಂದ ಸುಳ್ಯ, ಜಾಲ್ಸೂರು, ಪುತ್ತೂರು, ಮಾಣಿಯವರೆಗೆ ಸಣ್ಣ ಸಣ್ಣ ಏರಿಳಿತ ಮುಗಿಯುವುದೇ ಇಲ್ಲ, ಬೆವರು ಆರುವುದೂ ಇಲ್ಲ. ಪುತ್ತೂರಿನಲ್ಲಿ ಹನ್ನೆರಡರಿಂದ ಎರಡೂವರೆಯವರೆಗೆ ನೆರಳಲ್ಲಿ ನಿಂತುಬಿಡಿ. ಯಾರಾದರೂ ಬೆವರು ನಿಂತು ತೊದಲತೊಡಗಿದರೆ ಅವರ ಸವಾರಿ ಅಲ್ಲಿಗೆ ಮುಗಿಯಿತು: ನೆರಳು, ಮೈಮೇಲೆ ನೀರು, 108ಕ್ಕೆ ಫೋನ್.

ಗುಂಪಾಗಿ ಹೋಗುವವರು ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ ಜಿಲ್ಲೆ), ಮಂಡ್ಯ, ಮೈಸೂರು, ಕೊಡಗು, ದಕ್ಷಿಣ ಕನ್ನಡದ ಪೊಲೀಸರಿಗೆ ಸವಾರರ ಸಂಖ್ಯೆ, ದಿನಾಂಕ, ಮಾರ್ಗ ತಿಳಿಸಿ ಮೂರು ವಾರ ಮೊದಲೇ ಪತ್ರ ಕೊಡಿ, ಮೈಸೂರು ಮತ್ತು ಮಂಗಳೂರಿನ ನಗರ ಪೊಲೀಸ್ ಕಮಿಷನರೇಟುಗಳಿಗೆ ಬೇರೆಯಾಗಿ. ಎಂಟು–ಹತ್ತು ಜನಕ್ಕೊಂದು ವಾಹನ ಕೊನೆಯ ಸವಾರನ ಹಿಂದಿರಲಿ. ದಿನಕ್ಕೆರಡು ಫೋಟೊ, ಒಂದು ಸಾಲು, ಜೊತೆಗೆ ದೇಣಿಗೆ ಲಿಂಕ್ ಹಾಕುವ ಕೆಲಸವನ್ನು ಊರಲ್ಲಿರುವ ಒಬ್ಬರಿಗೆ ವಹಿಸಿ. ತುಳಿದು ದಣಿದವರು ಅದನ್ನು ಮಾಡುವುದಿಲ್ಲ, ದೇಣಿಗೆ ಸುಲಭವಾಗಿ ಬರುವುದು ಆ ಮೂರು ದಿನಗಳಲ್ಲೇ.

ಮುಗಿದ ಮರುದಿನವೇ ಎಲ್ಲ ದಾನಿಗಳಿಗೆ ಧನ್ಯವಾದ ಕಳಿಸಿ, ಮಾತು ಕೊಟ್ಟು ಹಾಕದವರಿಗೆ ಒಂದು ನೆನಪು, ವಾರ ಬಿಟ್ಟು ಇನ್ನೊಂದು, ಮೂರನೆಯದು ಬೇಡ. ಹದಿನೈದು ದಿನದೊಳಗೆ ಸಂಸ್ಥೆಯ ಪಟ್ಟಿಯನ್ನೂ ನಿಮ್ಮ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ. ಹೆಸರಿನ ಕಾಗುಣಿತ, ಪ್ಯಾನ್ ಸಂಖ್ಯೆಯ ತಪ್ಪುಗಳನ್ನು ಮಾರ್ಚ್ 31ರೊಳಗೆ ತಿದ್ದಿಸಿದರೆ ಪ್ರಮಾಣಪತ್ರ ಸರಿಯಾಗಿ ಬರುತ್ತದೆ. ಶೌಚಾಲಯ ಕಟ್ಟಿದ ಮೇಲೆ ಅದರ ಫೋಟೊ ಮತ್ತು ಖರ್ಚಿನ ಪಟ್ಟಿಯನ್ನು 500 ಕೊಟ್ಟವರಿಗೂ ಕಳಿಸಿ.